ಕರ್ನಲ್ ಸಾಹೇಬರ ಕಾಯಿಲೆ

ನಾನು ಏನು ಕೆಲಸ ಮಾಡುತ್ತೇನೆಂದು ಹೇಳಿ ಅರ್ಥಮಾಡಿಸುವುದು ಆ ಕೆಲಸ ಮಾಡುವುದಕ್ಕಿಂತ ಕಷ್ಟ ಎಂಬುದು ನನಗೆ ಮದುವೆಯಾದ ಮೇಲೆಯೇ ಗೊತ್ತಾದದ್ದು. ತವರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ‘ಹುಡುಗಿ ಇನ್ನೂ ಓದಾಕತ್ತಾಳ’ ಎಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ನೌಕರಿ ಸೇರಿದ ಮೇಲೂ ಅಪ್ಪ ಹಾಗೇ ಹೇಳುತ್ತಿದ್ದರು. ಗಂಡನ ಮನೆಯ ಕಥೆ ಬೇರೆ. ಸೊಸೆ ವಾರವೆಲ್ಲ ಹುಬ್ಬಳ್ಳಿಯಲ್ಲಿದ್ದು ಶನಿವಾರ ಸಂಜೆ ಹಾನಗಲ್ಲಿನ ಬಸ್ಸಿನಿಂದ ಇಳಿಯುತ್ತಾಳೆ, ಸೋಮವಾರ ಬೆಳಿಗ್ಗೆ ಮತ್ತೆ ಹತ್ತುತ್ತಾಳೆ ಎಂದಮೇಲೆ, ಅಲ್ಲಿ ಅಂಥಾದ್ದೇನು ಮಾಡುತ್ತಾಳೆ ಎಂದು ಓಣಿಯೆಲ್ಲ ಕೇಳುವುದು ಸಹಜವೇ. ಉತ್ತರ ಕೊಡಬೇಕಾದವರು ನನ್ನ ಅತ್ತೆ ಗುರವ್ವ. ಅವರು ಸುಳ್ಳು ಹೇಳುವವರಲ್ಲ. ನಾನು ಹೇಳಿದ್ದನ್ನು ತಮಗೆ ತಿಳಿದ ಹಾಗೆ, ತುಸು ದೊಡ್ಡ ದನಿಯಲ್ಲಿ ಹೇಳುತ್ತಿದ್ದರು, ಅಷ್ಟೆ. ತಪ್ಪೇನಿದ್ದರೂ ಅದು ನಾನು ಹೇಳಿದ ರೀತಿಯಲ್ಲೇ ಇರುತ್ತಿತ್ತು.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಂಪ್ಯೂಟರ್ ಇರುವ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾಗಿದ್ದ ಕಾಲ ಅದು. ನಮ್ಮಲ್ಲಿ ಎರಡು ಯಂತ್ರಗಳಿದ್ದವು, ಒಂದು ಮಹಡಿಯ ಮೇಲೆ, ಇನ್ನೊಂದು ಕೆಳಗೆ. ನಡುವೆ ಒಂದು ತಂತಿ ಎಳೆದು, ಮೇಲಿನ ಯಂತ್ರದಿಂದ ಕೆಳಗಿನದಕ್ಕೆ ಪತ್ರ ಕಳಿಸುವ ವ್ಯವಸ್ಥೆಯನ್ನು ಮಾಡಿದವಳು ನಾನು. ಮೆಟ್ಟಿಲಿಳಿದು ಬಂದು ಹೇಳಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ಮಾತಿಗೆ ಇಷ್ಟೆಲ್ಲ ಏಕೆ ಎಂದು ರಸಾಯನಶಾಸ್ತ್ರದವರು ನಗುತ್ತಿದ್ದರು. ಅವರ ನಗುವನ್ನು ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಕೆಳಗಿನ ಯಂತ್ರದ ವರ್ತನೆ. ‘ಕ್ಷೇಮವೇ’ ಎಂದು ಕಳಿಸಿದರೆ ಸುಮ್ಮನೆ ತೆಗೆದುಕೊಳ್ಳುತ್ತಿತ್ತು. ಒಂದು ಪುಟ ಮೀರಿದ ಪತ್ರ ಹೋಯಿತೋ, ಪರದೆಯ ಮೇಲೆ ‘ಪ್ಯಾನಿಕ್’ ಎಂದು ತಾನೇ ಬರೆದುಕೊಂಡು ಕಣ್ಣು ಮುಚ್ಚಿಬಿಡುತ್ತಿತ್ತು. ತನಗೆ ಗಾಬರಿಯಾಗಿದೆ ಎಂದು ಬರೆದಿಟ್ಟು ಮೂರ್ಛೆ ಹೋಗುವ ಪ್ರಾಮಾಣಿಕತೆ ನಾನು ಮನುಷ್ಯರಲ್ಲಿ ಕಂಡಿಲ್ಲ.

ಬೀಳುತ್ತಿದ್ದದ್ದು ಆ ಯಂತ್ರದ ಕರ್ನಲ್. ಯಂತ್ರದೊಳಗಿನ ಎಲ್ಲ ಕೆಲಸಗಳನ್ನೂ ನಡೆಸುವ ಮೂಲ ಪ್ರೋಗ್ರಾಮಿಗೆ ಆ ಹೆಸರು. ಅದು ಬಿದ್ದರೆ ಯಂತ್ರವೇ ಬಿದ್ದಂತೆ. ಸೋಮವಾರ ಮಧ್ಯಾಹ್ನ ಪರಿಶೀಲನೆಗೆ ಮೇಲಿನವರು ಬರುವವರಿದ್ದರು. ತಂತಿಯ ಕೆಲಸ ನಡೆಯದಿದ್ದರೆ ಎರಡನೆಯ ಯಂತ್ರವನ್ನು ಬೇರೆ ಊರಿನ ಕಾಲೇಜಿಗೆ ಕೊಡುತ್ತಾರೆಂದು ನಮ್ಮ ಮುಖ್ಯಸ್ಥರು ಹೇಳಿದ್ದರು. ಎಲ್ಲರೆದುರು ಎದ್ದು ನಿಂತು ‘ಆ ಜವಾಬ್ದಾರಿ ನನ್ನದು ಸಾರ್’ ಎಂದವಳೂ ನಾನೇ. ಅಂಥ ಮಾತು ಆಡುವಾಗ ನನ್ನ ದನಿ ಬಹಳ ಚೆನ್ನಾಗಿರುತ್ತದೆ.

ಹೀಗಾಗಿ ಆ ಶನಿವಾರ ಕರ್ನಲ್ಲಿನ ಬರಹವನ್ನು ಅಚ್ಚುಹಾಕಿಸಿ, ನೂರೆಂಬತ್ತು ಹಾಳೆಗಳ ಕಟ್ಟನ್ನು ಬಗಲಲ್ಲಿಟ್ಟುಕೊಂಡು ಬಸ್ ಹತ್ತಿದೆ. ಈ ಹಾಳೆಗಳು ಬಿಡಿಬಿಡಿಯಾಗಿರುತ್ತಿರಲಿಲ್ಲ; ಒಂದಕ್ಕೊಂದು ಅಂಟಿಕೊಂಡೇ ಮಡಿಕೆಯಾಗಿ ಬರುತ್ತಿದ್ದವು, ಎರಡೂ ಅಂಚಿಗೆ ಸಾಲು ತೂತು. ಶಿಗ್ಗಾವಿಯಲ್ಲಿ ಹತ್ತಿ ನನ್ನ ಪಕ್ಕ ಕುಳಿತ ಹಿರೇಬೆಂಡಿಗೇರಿಯ ಮುದುಕರೊಬ್ಬರು ಕಟ್ಟನ್ನು ಬಹಳ ಹೊತ್ತು ನೋಡಿ, “ಎಲೆಕ್ಷನ್ ಪಟ್ಟಿ ಹೌದಲ್ರಿ ಅಕ್ಕಾರ? ನನ್ನ ಹೆಸರು ಐತೇನ್ ನೋಡ್ರಿ” ಎಂದರು. ಇದು ಆ ಪಟ್ಟಿಯಲ್ಲ, ಇದರಲ್ಲಿ ಯಾರ ಹೆಸರೂ ಇಲ್ಲ ಎಂದೆ. “ಹ್ವಾದ ಸಲನೂ ಹಿಂಗ ಅಂದ್ರು. ನಾ ಸತ್ತೇನಿ ಅಂತ ಯಾರೋ ಬರಸ್ಯಾರ. ಒಂದೀಟು ಕಣ್ಣಾಡಸ್ರಿ, ನಿಮಗ ಪುಣ್ಯ ಬರ್ತೈತಿ” ಎಂದು ಅವರು ಎಷ್ಟು ದೀನರಾಗಿ ಕೇಳಿದರೆಂದರೆ, ನಾನು ಹತ್ತು ಹಾಳೆ ತಿರುವಿ ನೋಡಿ, ಇಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟರು. ಆ ನೆಪದಲ್ಲಾದರೂ ಹತ್ತು ಹಾಳೆ ಓದಿದಂತಾಯಿತು; ತಪ್ಪು ಅಲ್ಲೂ ಇರಲಿಲ್ಲ.

ಮನೆಗೆ ಬಂದಾಗ ನನ್ನ ಮುಖ ನೋಡಿಯೇ ಅತ್ತೆ, “ಯಾಕವ್ವಾ ಸರೋಜಾ, ಮಾರಿ ಸಣ್ಣ ಆಗೈತಿ?” ಎಂದರು.

“ಕರ್ನಲ್ ಬೀಳಾಕತ್ತೈತ್ರಿ ಅತ್ತಿ. ದಿನಾ ಬೀಳತೈತಿ” ಎಂದೆ.

“ಅಯ್ಯ ಪಾಪ! ದೊಡ್ಡ ಮನಷ್ಯಾಗ ಐತಿ ಗೈತಿ ಅನಬ್ಯಾಡವ್ವಾ. ಬೀಳತಾರ ಅನ್ನು. ಯಾವಾಗ ಬೀಳತಾರ?”

ಹಸಿವಿನಲ್ಲಿ ನನಗೆ ವ್ಯಾಕರಣದ ಕಡೆ ಗಮನವಿರಲಿಲ್ಲ. “ಮ್ಯಾಲಿಂದ ದೊಡ್ಡ ಪತ್ರ ಬಂತಂದ್ರ ಬೀಳತೈತ್ರಿ” ಎಂದೆ.

“ಮ್ಯಾಲಿನವರ ಪತ್ರ ಬಂದ್ರ ಎಂಥವರಿಗೂ ಎದಿ ಒಡೀತೈತಿ. ಮಿಲಿಟ್ರ್ಯಾಗಿದ್ದವರು ಅಂದ್ರ ಏನು, ಜೀವ ಅಲ್ಲೇನು?” ಎಂದು ಅತ್ತೆ ಮರುಕದಿಂದ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಹಾಕಿದರು. ಮಿಲಿಟರಿ ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಬೆಣ್ಣೆ ಬಿದ್ದ ಮೇಲೆ ಕೇಳುವುದು ಮರೆತೆ.

ಮರುದಿನ ಭಾನುವಾರ ಸವಣೂರಿನಲ್ಲಿ ತೊಟ್ಟಿಲ ಕಾರ್ಯ. ನಮ್ಮವರ ಅಕ್ಕ ನೀಲಕ್ಕನ ಮಗಳು ಚೊಚ್ಚಲ ಹೆರಿಗೆಗೆ ಅಲ್ಲಿಗೆ ಬಂದಿದ್ದಳು. ಆ ಕೂಸಿಗೆ ಹೆಸರಿಡುವ ದಿನ. ಬರುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಮದುವೆಯಾದ ಹೊಸದರಲ್ಲಿ, ಹುಬ್ಬಳ್ಳಿಯ ನೌಕರಿ ಬಿಡಿಸಬೇಕು ಎಂದು ನೆಂಟರೆಲ್ಲ ಕೂಡಿ ಮಾತಾಡಿದಾಗ, ‘ಓದಿದ್ದು ಅಡಕಲ ಗಡಿಗ್ಯಾಗ ಇಡಾಕೇನು?’ ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದವಳು ನೀಲಕ್ಕ. ಕಟ್ಟನ್ನು ಸೀರೆಯ ಚೀಲದಲ್ಲಿ ತುರುಕಿಕೊಂಡು ಹೊರಟೆ. ನಮ್ಮವರೂ ಜೊತೆಗೆ ಬಂದರು. ಅವರು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ಮಾತು ಕಡಿಮೆ. ಆದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಪರೀಕ್ಷೆಗೆ ಕೂತ ಹುಡುಗರಿಗೆಲ್ಲ ಅವರ ಹೆಸರು ಗೊತ್ತಿತ್ತು. ಮೇಲ್ವಿಚಾರಣೆಗೆ ಅವರು ಬಂದರೆಂದರೆ ಅಂಗಿಯ ತೋಳಿನಿಂದ ಚೀಟಿಗಳು ತಾವಾಗಿಯೇ ಕೆಳಗೆ ಉದುರುತ್ತವೆ ಎಂಬ ಮಾತಿತ್ತು.

ನೀಲಕ್ಕನ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಇಲಕಲ್ ಸೀರೆಯ ಹೆಂಗಸರು ನನ್ನನ್ನು ಸುತ್ತಿಕೊಂಡರು. “ಕರ್ನಲ್ ಸಾಹೇಬ್ರು ಹ್ಯಾಂಗದಾರವ್ವಾ?” “ಹುಲಗೂರಿನ ದರ್ಗಾಕ್ಕ ಒಂದು ಸಕ್ಕರಿ ಬೇಡಿಕೊಳ್ರಿ, ಬೀಳೋ ಬ್ಯಾನಿ ನಿಲ್ಲತೈತಿ.” ಅತ್ತೆ ನಮಗಿಂತ ಮೊದಲ ಬಸ್ಸಿಗೇ ಬಂದು ಮುಟ್ಟಿದ್ದರು. ಒಂದೇ ತಾಸಿನಲ್ಲಿ ನನ್ನ ಕರ್ನಲ್ ಯುದ್ಧದಿಂದ ಮರಳಿದ, ಹೆಂಡತಿಯಿಲ್ಲದ, ನಾನು ಔಷಧ ಕೊಡುತ್ತಿದ್ದ ಒಬ್ಬ ಸದ್ಗೃಹಸ್ಥನಾಗಿಬಿಟ್ಟಿದ್ದ. ನಾನು ಅದು ಮನುಷ್ಯನಲ್ಲ ಎಂದೆ. “ಹಂಗ ಅನಬಾರದವ್ವಾ” ಎಂದು ಒಬ್ಬರು ಗದರಿದರು.

ಕೂಸಿಗೆ ಹೆಸರಿಟ್ಟರು. ಕಿವಿಯಲ್ಲಿ ಹೆಸರು ಊದಿದ ಸೋದರತ್ತೆಯ ಬೆನ್ನಿಗೆ ಪದ್ಧತಿಯಂತೆ ಎಲ್ಲರೂ ಗುದ್ದಿದರು. ನಾನೂ ಒಂದು ಗುದ್ದು ಗುದ್ದಿ, ಗದ್ದಲದಲ್ಲಿ ಮೆಲ್ಲಗೆ ಜಾರಿ, ಕಾಳಿನ ಚೀಲಗಳಿದ್ದ ಕೋಣೆಗೆ ಸೇರಿಕೊಂಡೆ. ಚೀಲದ ಮೇಲೆ ಕುಳಿತು ಹಾಳೆ ತೆರೆದೆ. ಹೊರಗೆ ಜೋಗುಳದ ಹಾಡು ಶುರುವಾಯಿತು. ನನ್ನ ಪಾಲಿನ ಹಾಡಿಗೆ ನಾನಿರಲಿಲ್ಲ. ನೀಲಕ್ಕ ಹುಡುಕುತ್ತ ಬಂದು ಬಾಗಿಲಲ್ಲಿ ನಿಂತಳು.

“ಇಲ್ಲಿ ಕುಂತೀಯೇನು? ಹೊರಗ ಎಲ್ಲಾರೂ ನಿನ್ನ ಹಾದಿ ನೋಡಾಕತ್ತಾರ. ಒಂದು ಕೂಸಿನಕಿಂತ ಹಾಳಿ ಹೆಚ್ಚಾತೇನು ನಿನಗ?”

ಅವಳು ಬೈದದ್ದೇನೋ ಸರಿ. ಆದರೆ ಮೂರು ವಾರದಿಂದ ತಡೆದಿಟ್ಟಿದ್ದು ಆ ಮಾತಿಗೆ ಕಟ್ಟೆಯೊಡೆಯಿತು. ನಾನು ಕಡಲೆಯ ಚೀಲದ ಮೇಲೆ ಕುಳಿತು ಸಣ್ಣ ಹುಡುಗಿಯಂತೆ ಅತ್ತುಬಿಟ್ಟೆ. ಯಂತ್ರ ಒಯ್ಯುತ್ತಾರೆ, ಇವಳಿಂದ ಆಗಲಿಲ್ಲ ಎನ್ನುತ್ತಾರೆ, ನಾಳೆ ಯಾವ ಮುಖ ತೋರಿಸಲಿ ಎಂದೆಲ್ಲ ಹೇಳಿದೆ. ನೀಲಕ್ಕ ಸೆರಗಿನಿಂದ ನನ್ನ ಮುಖ ಒರೆಸಿ, “ಎದ್ದೇಳು. ಮೊದಲ ಒಂದು ಹಾಡು ಹಾಡು. ಆಮ್ಯಾಲ ಊಟ. ಆಮ್ಯಾಲ ನಿನ್ನ ಕರ್ನಲ್ಲನ್ನ ಎಲ್ಲಾರೂ ಕೂಡಿ ನೋಡೂಣು” ಎಂದಳು.

ಊಟವಾದ ಮೇಲೆ ಅವಳು ಮಾಡಿದ್ದನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿಲ್ಲ. ಪಡಸಾಲೆಯಲ್ಲಿ ಅಡ್ಡಾಗಿದ್ದ ಹೆಂಗಸರನ್ನೆಲ್ಲ “ಏಳ್ರಿ, ಗ್ವಾಡಿಗಿ ಸರೀರಿ, ಇಕಿ ಹಾಳಿ ಹಾಸಬೇಕಂತ” ಎಂದು ಎಬ್ಬಿಸಿದಳು. ಪತ್ರ ತೆಗೆದುಕೊಳ್ಳುವ ಭಾಗದ ನಲವತ್ತು ಹಾಳೆಗಳನ್ನು ನಾಲ್ಕು ಸಾಲಾಗಿ ನೆಲದ ಮೇಲೆ ಬಿಚ್ಚಿದೆವು. ಗಾಳಿಗೆ ಹಾರದಂತೆ ಮೇಲೆ ಅಡಕೊತ್ತು, ಕುಟ್ಟಾಣಿ, ಎಲೆಯ ತಟ್ಟೆ, ಗುಗ್ಗರಿಯ ಬೋಗುಣಿ. ಕಾಲೇಜಿನ ಪರದೆಯಲ್ಲಿ ಒಮ್ಮೆಗೆ ಇಪ್ಪತ್ತನಾಲ್ಕು ಸಾಲು ಮಾತ್ರ ಕಾಣುತ್ತಿತ್ತು. ಮುಂದಿನದು ಬಂದರೆ ಹಿಂದಿನದು ಮಾಯ. ಎಲ್ಲವನ್ನೂ ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು.

“ಈಗ ಹೇಳು, ಏನಾಗೈತಿ ಇದಕ್ಕ?” ಎಂದಳು ನೀಲಕ್ಕ.

ಬಂದ ಪತ್ರವನ್ನು ಇಡಲು ಯಂತ್ರದ ನೆನಪಿನಲ್ಲಿ ಇಷ್ಟು ಜಾಗ ಎಂದು ಗೊತ್ತುಮಾಡಿರುತ್ತದೆ. ಪತ್ರ ಅದಕ್ಕಿಂತ ದೊಡ್ಡದಾದರೆ ಉಳಿದದ್ದು ಪಕ್ಕದ ಜಾಗದ ಮೇಲೆ ಬರೆದುಕೊಳ್ಳುತ್ತದೆ. ಅಲ್ಲಿ ಕರ್ನಲ್ ತನ್ನ ಸ್ವಂತದ ವಿಷಯ ಬರೆದಿಟ್ಟುಕೊಂಡಿರುತ್ತದೆ, ಅದು ಅಳಿಸಿಹೋಗಿ ತಲೆ ಕೆಡುತ್ತದೆ ಎಂದೆ.

“ಹಂಗಾರ ಅಳತಿ ನೋಡಿ ಇಡಬೇಕಂತ ಅದಕ್ಕ ಯಾರೂ ಹೇಳಿಲ್ಲೇನು?”

“ಹೇಳೈತಿ ನೀಲಕ್ಕ. ಎಲ್ಲಾ ಕಡೆ ಹೇಳೈತಿ.”

“ಎಲ್ಲಾ ಕಡೆ ನೋಡಿಯೇನು?”

ನೋಡಿದ್ದೆನೇ? ನೋಡಿದ್ದೇನೆ ಎಂದುಕೊಂಡಿದ್ದೆ. ಈ ಕರ್ನಲ್ ಪರದೇಶದಿಂದ ಟೇಪಿನಲ್ಲಿ ಬಂದದ್ದು. ತಪ್ಪು ಅಲ್ಲಿನ ಯಾರೋ ಗಡ್ಡದ ಮನುಷ್ಯ ಮಾಡಿದ್ದೆಂದು ನಾನು ಮೊದಲ ದಿನವೇ ತೀರ್ಮಾನಿಸಿ, ಮೂರು ವಾರದಿಂದ ಅವನ ಪುಟಗಳನ್ನೇ ಜಾಲಾಡುತ್ತಿದ್ದೆ. ಅವನಿಗೆ ಗಡ್ಡವಿತ್ತೆಂದು ನನಗೆ ಹೇಳಿದವರು ಯಾರೂ ಇಲ್ಲ.

ಅಷ್ಟರಲ್ಲಿ ನಮ್ಮವರು ಎದ್ದರು. ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಹಾಲಿನಲ್ಲಿ ನಡೆಯುವಂತೆ, ಹಾಳೆಯ ಸಾಲುಗಳ ನಡುವೆ ನಿಧಾನವಾಗಿ ಅಡ್ಡಾಡತೊಡಗಿದರು. ಅವರಿಗೆ ಆ ಬರಹದ ಒಂದು ಶಬ್ದವೂ ಗೊತ್ತಿಲ್ಲ. ಹೆಂಗಸರು ಎಲೆ ಮಡಿಸುತ್ತ ನೋಡುತ್ತಿದ್ದರು. ಎರಡನೆಯ ಸಾಲಿನ ಕೊನೆಯಲ್ಲಿ ಅವರು ನಿಂತರು. ಹಿಂದಕ್ಕೆ ಹೋಗಿ ಮೊದಲ ಸಾಲನ್ನು ನೋಡಿದರು. ಮತ್ತೆ ಬಂದರು.

“ಇಲ್ನೋಡ. ಈ ಹುಡುಗ ಆ ಹುಡುಗನ್ನ ನೋಡಿ ಬರದಾನ” ಎಂದರು.

“ಯಾವ ಹುಡುಗರಿ?”

“ಇದನ್ನ ಬರದಂವ. ಆ ಹಾಳ್ಯಾಗಿಂದು ಅಕ್ಷರಕ್ಕಕ್ಷರ ಇಳಿಸ್ಯಾನ. ಆದ್ರ ನಡುವ ಒಂದು ಸಾಲು ಬಿಟ್ಟಾನ. ನೋಡು, ಆ ಹಾಳ್ಯಾಗ ಬಿಟ್ಟ ಸಾಲಿನ ಕಡೀ ಶಬ್ದನೂ ಅದರ ಮ್ಯಾಲಿನ ಸಾಲಿನ ಕಡೀ ಶಬ್ದನೂ ಒಂದ ಐತಿ. ನೋಡಿ ಬರಿಯಾಗ ಕಣ್ಣು ಜಾರತೈತಿ, ನಡುವಿಂದು ಬಿಟ್ಟುಹೋಗತೈತಿ. ನಮ್ಮ ಹುಡುಗರು ವರ್ಷಾ ಹಿಂಗ ಸಿಗ್ತಾರ.”

ನಾನು ಮಂಡಿಯೂರಿ ಎರಡೂ ಹಾಳೆಗಳನ್ನು ನೋಡಿದೆ. ಬಿಟ್ಟುಹೋದ ಆ ಒಂದು ಸಾಲೇ ಅಳತೆ ನೋಡುವ ಸಾಲು. ‘ಪತ್ರ ಜಾಗಕ್ಕಿಂತ ದೊಡ್ಡದಾಗಿದ್ದರೆ ತೆಗೆದುಕೊಳ್ಳಬೇಡ’ ಎನ್ನುವ ಸಾಲು. ಸಿಕ್ಕಿತು ಎಂದು ಎಷ್ಟು ಜೋರಾಗಿ ಕಿರುಚಿದೆನೆಂದರೆ ತೊಟ್ಟಿಲಲ್ಲಿದ್ದ ಕೂಸು ಎಚ್ಚರವಾಯಿತು. ಅತ್ತೆ ಅದನ್ನು ಎತ್ತಿಕೊಳ್ಳುತ್ತ, “ಉಳೀತಾರಂತೇನು?” ಎಂದರು. “ಉಳೀತಾರ್ರಿ ಅತ್ತಿ” ಎಂದೆ. ಪಡಸಾಲೆಯ ತುಂಬ ಹೆಂಗಸರು ಸಮಾಧಾನದ ಉಸಿರು ಬಿಟ್ಟರು. ಅವರಿಗಾದ ಸಂತೋಷ ಎಷ್ಟು ನಿಜವಾಗಿತ್ತೆಂದರೆ, ಕರ್ನಲ್ ಮನುಷ್ಯರಲ್ಲ ಎಂದು ಬಿಡಿಸಿ ಹೇಳುವ ಮನಸ್ಸು ನನಗೆ ಆಗಲೂ ಬರಲಿಲ್ಲ.

“ಬರದಂವ ಯಾರು? ಹೆಸರು ಹಾಕಿರಬೇಕಲ್ಲ” ಎಂದು ನಮ್ಮವರು ಹಾಳೆಯ ನೆತ್ತಿಗೆ ಬಾಗಿದರು. ಬೇರೆಯವರು ನೋಡುವ ಮೊದಲು ನಾನೇ ನೋಡಿಬಿಟ್ಟಿದ್ದೆ. ಅಲ್ಲಿದ್ದದ್ದು ನನ್ನ ಹೆಸರಿನ ಮೊದಲಕ್ಷರಗಳು. ಹಿಂದಿನ ವರ್ಷ ನಮ್ಮ ತಂತಿಗೆ ಹೊಂದುವ ಭಾಗವನ್ನು ಪರದೇಶದವನ ಪುಟ ಮುಂದಿಟ್ಟುಕೊಂಡು ಟೈಪ್ ಮಾಡಿದವಳು ನಾನು. ಅವನು ಅಳತೆ ನೋಡಿಯೇ ಬರೆದಿದ್ದ. ನಮ್ಮವರು ಅಕ್ಷರಗಳನ್ನು ಓದಿದರು, ನನ್ನನ್ನು ನೋಡಿದರು, ಹಾಳೆ ಮಡಿಸತೊಡಗಿದರು. ಹಿಡಿದ ಹುಡುಗರನ್ನು ಅವರು ಎಂದೂ ಎಲ್ಲರೆದುರು ಬೈಯುತ್ತಿರಲಿಲ್ಲವಂತೆ. ಅದಕ್ಕೇ ಹುಡುಗರು ಅಷ್ಟು ಹೆದರುತ್ತಿದ್ದರೆಂದು ನನಗೆ ಅವತ್ತು ತಿಳಿಯಿತು.

ಸೋಮವಾರ ಬೆಳಿಗ್ಗೆ ಒಂದು ಸಾಲು ಸೇರಿಸಿ ಯಂತ್ರ ಚಾಲೂ ಮಾಡಿದೆ. ಮಧ್ಯಾಹ್ನ ಮೇಲಿನವರು ಬಂದರು. ಅವರಲ್ಲೊಬ್ಬರು ಬೇಕೆಂದೇ ಮೂರು ಪುಟದ ಪತ್ರ ಕಳಿಸಿದರು. ಕೆಳಗಿನ ಯಂತ್ರ ಅದನ್ನು ನೋಡಿ, ಇಷ್ಟು ದೊಡ್ಡದು ಬೇಡ, ತುಂಡು ಮಾಡಿ ಕಳಿಸಿ ಎಂದು ಮರ್ಯಾದೆಯಿಂದ ಹೇಳಿತು. ತುಂಡು ಮಾಡಿ ಕಳಿಸಿದರು, ತೆಗೆದುಕೊಂಡಿತು. ಯಂತ್ರ ನಮ್ಮಲ್ಲೇ ಉಳಿಯಿತು. ರಸಾಯನಶಾಸ್ತ್ರದವರು ಬಂದು ಕೈಕುಲುಕಿದರು.

ಮುಖ್ಯಸ್ಥರು ಈ ಬಗ್ಗೆ ಒಂದು ವರದಿ ಬರೆದುಕೊಡಲು ಹೇಳಿದರು. ನಾಲ್ಕು ಪುಟ ಬರೆದೆ, ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ. ತಪ್ಪು ಹೇಗೆ ಪತ್ತೆಯಾಯಿತೆಂಬಲ್ಲಿ ‘ಸಮಗ್ರ ಪರಿಶೀಲನೆಯ ನಂತರ’ ಎಂದು ಹಾಕಿದೆ. ಕುಟ್ಟಾಣಿ, ಅಡಕೊತ್ತುಗಳ ಪ್ರಸ್ತಾಪ ಮಾಡಲಿಲ್ಲ. ತಪ್ಪು ಹೇಗೆ ಬಂತೆಂಬಲ್ಲಿ ಬರೆದದ್ದನ್ನು ಕನ್ನಡಕ್ಕೆ ತಂದರೆ, ‘ಈ ಭಾಗದಲ್ಲಿ ಒಂದು ಲೋಪ ನುಸುಳಿತ್ತು’ ಎಂದಾಗುತ್ತದೆ. ಎಷ್ಟು ಒಳ್ಳೆಯ ಮಾತು ನೋಡಿ. ಲೋಪ ತಾನೇ ಎಲ್ಲಿಂದಲೋ ನಡೆದು ಬಂದು, ನಾವು ಯಾರೂ ನೋಡದಿದ್ದಾಗ ಬಾಗಿಲ ಸಂದಿಯಿಂದ ಒಳಗೆ ನುಸುಳಿದಂತೆ. ಮುಂದಿನ ಶನಿವಾರ ಆ ಕರಡನ್ನು ನಮ್ಮವರಿಗೆ ಓದಲು ಕೊಟ್ಟೆ. ಅವರು ಪೂರ್ತಿ ಓದಿ, ಪರೀಕ್ಷೆಯ ಕೆಂಪು ಪೆನ್ನು ತೆಗೆದು, ‘ನುಸುಳಿತ್ತು’ ಎನ್ನುವಲ್ಲಿ ಒಂದು ಗುಂಡು ಸುತ್ತಿ, ಅಂಚಿನಲ್ಲಿ ಒಂದೇ ಶಬ್ದ ಬರೆದರು: ‘ಯಾರು?’

ನಾನು ಆ ವರದಿಯನ್ನು ಹೊಸ ಹಾಳೆಯ ಮೇಲೆ ಮತ್ತೆ ಬರೆದೆ. ಬಹಳ ಎಚ್ಚರಿಕೆಯಿಂದ, ಒಂದು ಸಾಲೂ ತಪ್ಪದಂತೆ, ಮೊದಲಿನದನ್ನೇ ಅಕ್ಷರಕ್ಕಕ್ಷರ ನೋಡಿ ಇಳಿಸಿದೆ. ಅಂಚಿನಲ್ಲಿದ್ದ ಆ ಒಂದು ಶಬ್ದದ ಮೇಲೆ ಮಾತ್ರ ಯಾಕೋ ಕಣ್ಣು ಜಾರಿಬಿಟ್ಟಿತು.