ಕಾರಲಪ್ಪನ ಮುಂದಿನ ಊರು

ನಾನು ಹೆದರುಪುಕ್ಕಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ, ಏಕೆಂದರೆ ಮೂವತ್ತನಾಲ್ಕು ವರ್ಷ ನನಗೆ ಹೆದರುವುದಕ್ಕೆಂದೇ ಸಂಬಳ ಕೊಟ್ಟಿದ್ದಾರೆ. ನಾಸಿಕ್ ಬಳಿ ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ನಾನಿದ್ದೆ. ಉಳಿದವರು ಬಿಡಿಭಾಗ ಮಾಡುತ್ತಿದ್ದರು, ನಾನು ಅದನ್ನು ಅಳೆದು, ತಿರುಗಿಸಿ ನೋಡಿ, ಅನುಮಾನ ಪಡುತ್ತಿದ್ದೆ. ಬೋಲ್ಟು ಎಷ್ಟೇ ಚೆನ್ನಾಗಿರಲಿ, ಅದರ ಜೊತೆಗೆ ಬಂದ ಕಾಗದದಲ್ಲಿ ಒಂದೇ ಒಂದು ಕಲಂ ಖಾಲಿ ಇದ್ದರೂ ನನ್ನ ಠಸ್ಸೆ ಬೀಳುತ್ತಿರಲಿಲ್ಲ. ಹಳದಿ ಚೀಟಿ ಕಟ್ಟಿ ‘ಹೋಲ್ಡ್’ ಎಂದು ಬರೆದು ಕಪಾಟಿಗೆ ಸೇರಿಸುತ್ತಿದ್ದೆ. “ಮ್ಯಾಲೆ ಹೋದ ಮ್ಯಾಲೆ ಗಾಡಿ ಬದೀಗೆ ನಿಲ್ಲಿಸಿ ನೋಡಾಕ ಆಗೂದಿಲ್ಲಪ್ಪ” ಎಂದು ನಮ್ಮ ಹಿರಿಯ ಫೋರ್‌ಮನ್ ಒಬ್ಬರು ಮೊದಲ ದಿನವೇ ಹೇಳಿದ್ದರು. ಆ ಮಾತು ತಲೆಗೆ ಹೊಕ್ಕಿತು, ನಿವೃತ್ತಿಯಾದರೂ ಹೊರಗೆ ಬರಲಿಲ್ಲ. ಈಗಲೂ ಗ್ಯಾಸಿನ ನಳಿಕೆಯನ್ನು ದಿನಕ್ಕೆ ಮೂರು ಸಲ ಮೂಸಿ ನೋಡುತ್ತೇನೆ. “ನನಗೂ ಹಳದಿ ಚೀಟಿ ಕಟ್ಟಿ ಇಟ್ಟಿದ್ರೇನ್ರೀ, ಮದಿವಿಗೆ ಮುಂಚೆ?” ಎಂದು ನನ್ನ ಹೆಂಡತಿ ಶಕುಂತಲಾ ಕೇಳುತ್ತಾಳೆ. ನಿಶ್ಚಯವಾದ ಎರಡು ವರ್ಷಕ್ಕೆ ನಮ್ಮ ಮದುವೆಯಾದದ್ದು ನಿಜವಾದ್ದರಿಂದ ನಾನು ಮತ್ತೊಮ್ಮೆ ನಳಿಕೆ ಮೂಸಲು ಎದ್ದು ಹೋಗುತ್ತೇನೆ.

ಇಂಥ ನಾನು ಒಬ್ಬ ಪರದೇಶದವನನ್ನು ಮನೆಯಲ್ಲಿ ಬಾಡಿಗೆಗೆ ಇಟ್ಟುಕೊಂಡೆ. ಅದಕ್ಕೆ ರಾಷ್ಟ್ರಕೂಟರೇ ಕಾರಣ. ನಿವೃತ್ತಿಯಾದ ಹೊಸದರಲ್ಲಿ ನಾವಿಬ್ಬರೂ ವೇರೂಳ್, ಅಂದರೆ ಎಲ್ಲೋರದ, ಗುಹೆಗಳನ್ನು ನೋಡಲು ಹೋಗಿದ್ದೆವು. ಕೈಲಾಸ ದೇವಾಲಯದ ಮುಂದೆ ಬಿಳಿಗಡ್ಡದ ಉದ್ದನೆಯ ಮನುಷ್ಯನೊಬ್ಬ ಕಲ್ಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಅಲ್ಲಿ ಕಾಲಿಟ್ಟ ಕನ್ನಡಿಗ ಸುಮ್ಮನಿರುವುದುಂಟೇ? ಹೋಗಿ, ಇದನ್ನು ಕೊರೆಸಿದವರು ನಮ್ಮ ಕಡೆಯವರು ಎಂದು ಹೇಳಿದೆ. ಅವನು ನನ್ನನ್ನೇ ಆ ಕಾಮಗಾರಿಯ ಮೇಸ್ತ್ರಿ ಎಂಬಂತೆ ಗೌರವದಿಂದ ನೋಡಿ ಒಂದು ಬಾಳೆಹಣ್ಣು ಕೊಟ್ಟ. ಹೆಸರು ಕಾರ್ಲ್. ಡೆನ್ಮಾರ್ಕಿನ ಒಂದು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ವಿಂಗಡಿಸಿ ನಿವೃತ್ತನಾಗಿ, ಈಗ ನಾಸಿಕ್‌ನ ಒಂದು ಸಂಗೀತ ವಿದ್ಯಾಲಯದಲ್ಲಿ ತಬಲಾ ಕಲಿಯುತ್ತಿದ್ದಾನಂತೆ. ವಿದ್ಯಾಲಯದ ಅತಿಥಿಗೃಹದಲ್ಲಿ ಸೊಳ್ಳೆಗಳು ಹೆಚ್ಚು ಎಂದ. ನಮ್ಮ ಮಹಡಿಯ ಮೇಲೆ ಒಂದು ಕೋಣೆ ಖಾಲಿ ಇದೆ ಎಂದು ಶಕುಂತಲಾ ಹೇಳಿಬಿಟ್ಟಳು. ನಾನಾಗಿದ್ದರೆ ಆರು ತಿಂಗಳು ಹೋಲ್ಡ್‌ನಲ್ಲಿ ಇಡುತ್ತಿದ್ದೆ.

ಅರವತ್ತೇಳನೆಯ ವಯಸ್ಸಿನಲ್ಲಿ ಅವನು ವಿದ್ಯಾರ್ಥಿ ವೀಸಾದ ಮೇಲೆ ಬಂದಿದ್ದ. ಅಂದರೆ ಈ ದೇಶದಲ್ಲಿ ಇರಬೇಕಾದರೆ ಪಾಠಕ್ಕೆ ತಪ್ಪದೆ ಹೋಗಬೇಕು, ಹಾಜರಿ ಪತ್ರ ತರಬೇಕು, ತನಗಿಂತ ಮೂವತ್ತು ವರ್ಷ ಚಿಕ್ಕವರಾದ ಗುರುಗಳ ಕಾಲು ಮುಟ್ಟಬೇಕು, ವರ್ಷಕ್ಕೊಮ್ಮೆ ಅನುಮತಿಯನ್ನು ವಿಸ್ತರಿಸಿಕೊಳ್ಳಬೇಕು. ಇದನ್ನೆಲ್ಲ ಅವನು ನಗುನಗುತ್ತಾ ಮಾಡುತ್ತಿದ್ದ. ಒಂದು ಜೋಳಿಗೆಯಲ್ಲಿ ಹದಿನಾರು ಪಾಸ್‌ಪೋರ್ಟ್ ಅಳತೆಯ ಫೋಟೋ, ಎಲ್ಲ ಕಾಗದಗಳ ನಾಲ್ಕು ನಾಲ್ಕು ಝೆರಾಕ್ಸು, ಅಂಟಿನ ಡಬ್ಬಿ, ಒಂದು ಪೊಟ್ಟಣ ಶೇಂಗಾ ಇಟ್ಟುಕೊಂಡೇ ತಿರುಗುತ್ತಿದ್ದ. “ಶೇಂಗಾ ಯಾಕೆ?” ಎಂದು ಕೇಳಿದರೆ, “ಸಾಹೇಬರು ಊಟಕ್ಕೆ ಹೋಗಿರುತ್ತಾರೆ” ಎನ್ನುತ್ತಿದ್ದ. ಶಕುಂತಲಾ ಅವನಿಗೆ ಕಾರಲಪ್ಪ ಎಂದು ಹೆಸರಿಟ್ಟಳು. ಜೋಳದ ರೊಟ್ಟಿಯನ್ನು ಎಡಗೈ ಮೇಲಿಟ್ಟುಕೊಂಡು ಮುರಿಯುವುದನ್ನು ಕಲಿಸಿದಳು. ನೀರು ಬಾರದ ದಿನ ಕೊಡ ಹೊತ್ತು ತರುತ್ತಿದ್ದ, ಕರೆಂಟು ಹೋದರೆ ಮೆಟ್ಟಿಲ ಮೇಲೆ ಕೂತು “ಊಟ ಆತ್ರೀ?” ಎಂದು ಬೀದಿಯ ಮರಾಠಿ ಮಂದಿಯನ್ನೂ ಕನ್ನಡದಲ್ಲೇ ವಿಚಾರಿಸುತ್ತಿದ್ದ. ಬೆಳಿಗ್ಗೆ ಸಂಜೆ ನನ್ನ ತಲೆಯ ಮೇಲೆ ಹದಿನಾರು ಮಾತ್ರೆಯ ತೀನ್‌ತಾಲ. ಅದರ ಮೂರನೆಯ ಭಾಗದಲ್ಲಿ ಎಡಗೈ ಸುಮ್ಮನಿರಬೇಕಾದ ಜಾಗವೊಂದಿದೆ. ಅಲ್ಲಿ ಇವನ ಎಡಗೈ ಸುಮ್ಮನಿರುತ್ತಿರಲಿಲ್ಲ. ದಿನವೂ ಅಲ್ಲೇ ತಪ್ಪುತ್ತಿದ್ದ, ನಾನು ಕೆಳಗೆ ಪೇಪರು ಓದುತ್ತಾ ಹಲ್ಲು ಕಚ್ಚುತ್ತಿದ್ದೆ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಪರದೇಶದವರು ಯಾರ ಮನೆಯಲ್ಲಿ ಉಳಿದರೂ ಆ ಮನೆಯ ಯಜಮಾನ ಒಂದು ದಿನದೊಳಗೆ ಪೊಲೀಸರಿಗೆ ಒಂದು ಫಾರ್ಮು ತುಂಬಿ ಕೊಡಬೇಕು. ನನಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವನು ಪೆಟ್ಟಿಗೆ ಇಳಿಸುವ ಮೊದಲೇ ಫಾರ್ಮು ತಂದಿದ್ದೆ. “ನೀವು ಚಿಂತೆ ಮಾಡಬೇಡಿ, ಕಾಗದದ ಕೆಲಸ ನನಗೆ ಬಿಡಿ” ಎಂದು ಎದೆಯುಬ್ಬಿಸಿ ಹೇಳಿದ್ದೆ. ದೊಡ್ಡಕ್ಷರಗಳಲ್ಲಿ, ಒಂದು ಚಿತ್ತಿಲ್ಲದೆ ತುಂಬಿದೆ. ಕೊನೆಗೆ ಒಂದು ಕಲಂ ಬಂತು: ಇಲ್ಲಿಂದ ಮುಂದೆ ಯಾವ ಊರಿಗೆ? ಕಾರಲಪ್ಪನನ್ನು ಕೇಳಿದೆ. ಎಲ್ಲಿಗೂ ಇಲ್ಲ ಎಂದ. ಹಾಗೆ ಬರೆಯಲು ಬರುವುದಿಲ್ಲ, ಊರಿನ ಹೆಸರು ಹೇಳಬೇಕು ಎಂದೆ. ಪಾಪ, ಎರಡು ದಿನ ನಿಜವಾಗಿಯೂ ಯೋಚಿಸಿ ಬಂದು, “ಹಿರೇಮಠ್ ಸಾಬ್, ನನಗೆ ಗೊತ್ತಿಲ್ಲ” ಎಂದ. ಕಲಂ ಖಾಲಿ ಉಳಿಯಿತು. ಖಾಲಿ ಕಲಮಿನ ಕಾಗದಕ್ಕೆ ನಾನು ಸಹಿ ಹಾಕುವವನೇ? ನಿವೃತ್ತಿಯ ದಿನ ನೆನಪಿಗೆಂದು ತಂದ ಹಳದಿ ಚೀಟಿಗಳಲ್ಲಿ ಒಂದನ್ನು ಲಗತ್ತಿಸಿ ಫಾರ್ಮನ್ನು ಕಪಾಟಿನಲ್ಲಿಟ್ಟೆ. ಕಾರ್ಖಾನೆಯಲ್ಲಾದರೆ ಹೋಲ್ಡ್ ಮಾಡುವುದು ನನ್ನ ಕೆಲಸ, ಪ್ರತಿ ಶನಿವಾರ ಬಂದು ಆ ಕಪಾಟನ್ನು ತೆರವು ಮಾಡುವುದು ಇನ್ನೊಬ್ಬನ ಕೆಲಸ. ಮನೆಯಲ್ಲಿ ಆ ಇನ್ನೊಬ್ಬ ಇಲ್ಲ ಎಂಬುದು ಹನ್ನೊಂದು ತಿಂಗಳು ನನಗೆ ಹೊಳೆಯಲೇ ಇಲ್ಲ.

ಹೊಳೆಸಿದವನು ಸಂಭಾಜಿನಗರದ, ಆಗ ಎಲ್ಲರ ಬಾಯಲ್ಲೂ ಔರಂಗಾಬಾದ್ ಆಗಿದ್ದ ಊರಿನ, ಒಬ್ಬ ಲಾಡ್ಜ್ ಮ್ಯಾನೇಜರು. ರಜೆ ಸಿಕ್ಕಾಗ ಕಾರಲಪ್ಪ ಮತ್ತೊಮ್ಮೆ ಗುಹೆ ನೋಡಲು ಹೋಗಿದ್ದ. ಪ್ರವಾಸಿಗಳನ್ನು ನೋಡಿ ಪಳಗಿದ ಆ ಮ್ಯಾನೇಜರು ಎರಡೇ ನಿಮಿಷದಲ್ಲಿ ಅದೇ ಫಾರ್ಮು ತುಂಬಿ, ನಾಸಿಕ್‌ನ ಮನೆಯವರು ಕೊಟ್ಟ ಫಾರ್ಮಿನ ಪೋಚ್ ತೋರಿಸಿ ಎಂದನಂತೆ. ಪೋಚ್ ಅಂದರೆ ಪೊಲೀಸರು ಮುದ್ರೆ ಒತ್ತಿ ಮರಳಿಸುವ ಪ್ರತಿ. ಅದಿಲ್ಲದೆ ಅನುಮತಿ ವಿಸ್ತರಣೆ ಆಗುವುದಿಲ್ಲ ಎಂದೂ ಹೇಳಿದನಂತೆ. ಕಾರಲಪ್ಪ ಮರಳಿ ಬಂದವನೇ ನಗುತ್ತಾ ನನ್ನೆದುರು ಕೈ ಚಾಚಿ, “ಪೋಚ್ ಕೊಡ್ರೀ” ಎಂದ. ವಿಸ್ತರಣೆಗೆ ಹನ್ನೆರಡು ದಿನ ಉಳಿದಿತ್ತು. “ಹುಡುಕಿ ಕೊಡ್ತೇನೆ” ಎಂದು ಸುಳ್ಳು ಹೇಳಿ ಬಚ್ಚಲಿಗೆ ಹೋಗಿ ಕೂತೆ.

ಮರುದಿನವೇ ಸಿನ್ನರ್ ಕಡೆಯ ಒಬ್ಬ ಹಳೆಯ ಸಹೋದ್ಯೋಗಿಯನ್ನು ‘ನನ್ನ ಪರಿಚಯದವರೊಬ್ಬರು ಹೀಗೆ ಮಾಡಿದ್ದಾರೆ’ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ, “ನಿಮ್ಮ ಪರಿಚಯದವರು ಒಳಗೆ ಹೋಗುತ್ತಾರೆ” ಎಂದರು. ಬೀದಿಯಲ್ಲಿ ಖಾಕಿ ಕಂಡರೆ ಪಕ್ಕದ ಓಣಿಗೆ ತಿರುಗತೊಡಗಿದೆ. ಒಂದು ಸಲ ಹಾಗೆ ತಪ್ಪಿಸಿಕೊಂಡದ್ದು ರಿಕ್ಷಾ ಓಡಿಸುವವನಿಂದ. ಕೊನೆಗೆ ಶಕುಂತಲಾಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಒಂದು ಚೀಲ ತೆಗೆದುಕೊಂಡಳು.

“ಬಿ.ಪಿ. ಗುಳಗಿ ಇಟ್ಟೇನಿ. ಸ್ವೆಟರ್ ಇಡ್ಲೇನ್ರೀ?”

“ಎಲ್ಲಿಗೆ?”

“ಅಲ್ಲಿಗೇ ರೀ. ನೆಲಾ ಥಂಡಿ ಇರತೈತಿ ಅಂತಾರ.”

ಹತ್ತನೆಯ ದಿನ ಧೈರ್ಯ ಮಾಡಿ ಮಹಡಿ ಹತ್ತಿದೆ. ಫಾರ್ಮನ್ನು ಹಳದಿ ಚೀಟಿಯ ಸಮೇತ ಅವನ ಮುಂದಿಟ್ಟು, ನಾನು ಕೊಟ್ಟೇ ಇಲ್ಲ ಎಂದೆ. ಕಾರಲಪ್ಪ ಕಾಗದವನ್ನು ತಿರುಗಿಸಿ ನೋಡಿದ. ಪೊಲೀಸರ ದಾಖಲೆಯಲ್ಲಿ ತಾನು ಇನ್ನೂ ಸೊಳ್ಳೆಗಳ ಅತಿಥಿಗೃಹದಲ್ಲೇ ಇದ್ದೇನೆ, ಹನ್ನೊಂದು ತಿಂಗಳು ಹೇಳದೆ ಕೇಳದೆ ಮನೆ ಬದಲಿಸಿದ್ದೇನೆ ಎಂಬುದು ಅವನಿಗೆ ಅರ್ಥವಾಯಿತು. “ಕಳಿಸಿಬಿಡ್ತಾರಾ?” ಎಂದು ಕೇಳಿದ. ಡೆನ್ಮಾರ್ಕಿನ ಮನೆ ಬಿಟ್ಟುಕೊಟ್ಟು, ಸಾಮಾನೆಲ್ಲ ಹಂಚಿ ಬಂದಿದ್ದೇನೆ, ಒಬ್ಬ ತಂಗಿ ಇದ್ದಳು, ಅವಳೂ ಹೋದಳು ಎಂದ. ಅವನ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹತ್ತು ದಿನ ನಾನು ಹೆದರಿದ್ದೆಲ್ಲ ನನ್ನ ಚರ್ಮಕ್ಕಾಗಿ. ಇವನನ್ನು ಹೊರಗೆ ಹಾಕಿದರೆ ಇವನು ಎಲ್ಲಿಗೆ ಹೋಗಬೇಕು ಎಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಆ ಸಂಜೆ ಮೇಲೆ ತಬಲಾ ಕೇಳಲಿಲ್ಲ, ಕೆಳಗೆ ನಮಗೆ ರೊಟ್ಟಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಪೊಲೀಸ್ ಆಫೀಸಿಗೆ ಹೋದೆವು. ಅವನ ಹೆಗಲಿಗೆ ಜೋಳಿಗೆ, ನನ್ನ ಕೈಯಲ್ಲಿ ಸ್ವೆಟರಿನ ಚೀಲ. ಪರದೇಶದವರ ವಿಭಾಗದಲ್ಲಿ ಒಬ್ಬ ಮಹಿಳಾ ಪೊಲೀಸ್ ಇದ್ದರು. ನನ್ನ ಮುಖ ನೋಡಿದ ಕೂಡಲೇ, “ಕಾಕಾ, ಆಧೀ ಬಸಾ, ಪಾಣೀ ಘ್ಯಾ” ಎಂದು ಕುರ್ಚಿ ತೋರಿಸಿ ನೀರು ಕೊಟ್ಟರು. ವೀಸಾ ಯಾರದು ಎಂದು ಅವರಿಗೆ ಅನುಮಾನ ಬಂದಿರಬೇಕು. ಫಾರ್ಮನ್ನೂ ಹಳದಿ ಚೀಟಿಯನ್ನೂ ನೋಡಿ, ಖಾಲಿ ಕಲಮಿನ ಮೇಲೆ ಬೆರಳಿಟ್ಟು, “ಇಷ್ಟಕ್ಕೇನಾ? ಇಲ್ಲೊಂದು ಗೆರೆ ಎಳೆದು ಕೊಡಬೇಕಿತ್ತು” ಎಂದು ಮರಾಠಿಯಲ್ಲಿ ಹೇಳಿ, ಪೆನ್ನಿನಿಂದ ಅರ್ಧ ಇಂಚಿನ ಗೆರೆ ಎಳೆದರು. ಮೂವತ್ತನಾಲ್ಕು ವರ್ಷದ ನನ್ನ ಅನುಭವ ಆ ಅರ್ಧ ಇಂಚಿನಲ್ಲಿ ಮುಗಿಯಿತು. “ಆದರೆ ತಡವಾಗಿದೆ, ಸಾಹೇಬರೇ ನೋಡಬೇಕು” ಎಂದರು. ಮುಗಿದಿದ್ದ ಹೆದರಿಕೆ ಮತ್ತೆ ಶುರುವಾಯಿತು.

ಸಾಹೇಬರು ದಪ್ಪ ಮೀಸೆಯವರು, ನಗುವವರಲ್ಲ. ಇಷ್ಟು ದಿನ ಏಕೆ ಕೊಡಲಿಲ್ಲ ಎಂದು ನನ್ನನ್ನು ಕೇಳಿದರು. ನಾನು ಹೋಲ್ಡ್ ಕಪಾಟಿನ ವಿಷಯ ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿದರು. ಆಮೇಲೆ ಕಾರಲಪ್ಪನ ಬಿಳಿಗಡ್ಡ ನೋಡಿ, ಈ ವಯಸ್ಸಿನವರು ವಿದ್ಯಾರ್ಥಿಯೆಂದು ಹೇಗೆ ನಂಬುವುದು, ಏನು ಕಲಿತಿದ್ದೀರಿ, ತೋರಿಸಿ ಎಂದರು. ತಬಲಾ ಇರಲಿಲ್ಲ. ಕಾರಲಪ್ಪ ಸಾಹೇಬರ ಮೇಜಿನ ಮೇಲಿನ ಕಡತಗಳನ್ನು ಮೆಲ್ಲಗೆ ಬದಿಗೆ ಸರಿಸಿ, ಮರದ ಮೇಲೆಯೇ ತೀನ್‌ತಾಲ ಶುರು ಮಾಡಿದ. ಮೊದಲ ಭಾಗ ಸರಿಯಾಯಿತು, ಎರಡನೆಯದೂ ಸರಿಯಾಯಿತು. ಮೂರನೆಯದು ಬರುತ್ತಿತ್ತು. ಎಡಗೈ, ಎಡಗೈ, ದೇವರೇ ಆ ಎಡಗೈ ಹಿಡಿ ಎಂದು ಮನಸ್ಸಿನಲ್ಲೇ ಗೋಗರೆದೆ. ನನಗೇ ಅರಿವಿಲ್ಲದೆ ನನ್ನ ಬಲಗೈ ಹೋಗಿ ಅವನ ಎಡ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಕಾರಲಪ್ಪ ಒಂದೇ ಕೈಯಲ್ಲಿ ಆ ಭಾಗ ನುಡಿಸಿದ. ಸರಿಯಾದ ಜಾಗಕ್ಕೆ ನಾನು ಕೈ ಬಿಟ್ಟೆ. ಅವನು ಹದಿನಾರು ಮಾತ್ರೆ ಮುಗಿಸಿ ಸಮಕ್ಕೆ, ಅಂದರೆ ಮೊದಲ ಮಾತ್ರೆಗೆ, ಸರಿಯಾಗಿ ಬಂದು ಬಿದ್ದ. ಸಾಹೇಬರ ತಲೆ ತಾನಾಗಿ ಒಮ್ಮೆ ಆಡಿತು.

“ನೀವೂ ಕಲಿಯುತ್ತೀರೇನು?” ಎಂದು ನನ್ನನ್ನು ಕೇಳಿದರು.

“ಇಲ್ಲ ಸಾಹೇಬರೇ, ನಾನು ಕೆಳಗಿನ ಮನೆಯಲ್ಲಿರುತ್ತೇನೆ.”

ಆಗ ಮಾತ್ರ ಅವರು ನಕ್ಕರು. ತಪ್ಪೊಪ್ಪಿಗೆ ಬರೆಸಿಕೊಂಡರು, ಎಚ್ಚರಿಕೆ ಕೊಟ್ಟರು, ಮನೆಯ ಯಜಮಾನನ ಹಮೀಪತ್ರ, ಅಂದರೆ ಮುಚ್ಚಳಿಕೆ, ಎಂದು ಮರಾಠಿಯಲ್ಲಿ ಟೈಪಾದ ಎರಡು ಹಾಳೆ ನನ್ನ ಮುಂದಿಟ್ಟರು. ಕೆಲಸ ಕೆಡುವ ಮೊದಲು ಮುಗಿಯಲಿ ಎಂಬ ಆತುರದಲ್ಲಿ ನಾನು ಬದುಕಿನಲ್ಲಿ ಮೊದಲ ಸಲ ಓದದೆ ಸಹಿ ಹಾಕಿದೆ, ಎರಡು ಹಾಳೆಗೂ. ಕಾರಲಪ್ಪನಿಗೆ ಒಂದು ವರ್ಷ ಸಿಕ್ಕಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಇಬ್ಬರೂ ಶೇಂಗಾ ತಿಂದೆವು.

ಹಮೀಪತ್ರದ ಪ್ರತಿಯನ್ನು ಮನೆಯಲ್ಲಿ ಓದಿದವಳು ಶಕುಂತಲಾ. ಅವಳು ಮೆಲ್ಲಗೆ ಓದುತ್ತಾ ಎರಡನೆಯ ಹಾಳೆಯಲ್ಲಿ ನಿಂತಳು. “ರೀ, ಇದೇನ್ರೀ? ಈ ಪರದೇಶಿ ಇರೂತನಕಾ ನೀವು ಮನೀ ಬದಲ ಮಾಡೂಹಾಂಗಿಲ್ಲ. ಊರ ಬಿಟ್ಟು ಹೋಗೂದಿದ್ರ ಮೊದಲ ಪೊಲೀಸರಿಗೆ ತಿಳಿಸಬೇಕಂತ. ಸಹಿ ಮಾಡಿ ಬಂದೀರಲ್ರೀ!” ನಾನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಹಾಗೆಯೇ ಇತ್ತು. ಕಾರಲಪ್ಪ ಇಡೀ ದೇಶ ಸುತ್ತಬಹುದು, ನಾನು ಪೊಲೀಸರಿಗೆ ಹೇಳದೆ ಊರು ದಾಟುವಂತಿಲ್ಲ.

ಅದೇ ವಾರ ನಮ್ಮೂರು ಗದಗಿನಿಂದ ನಮ್ಮ ಅಣ್ಣನ ಫೋನು ಬಂತು. ನಾನು ನಿವೃತ್ತನಾದಂದಿನಿಂದ ಅವನದು ಒಂದೇ ಪ್ರಶ್ನೆ: “ಲೇ ತಮ್ಮಾ, ಯಾವಾಗ ಬರ್ತೀ ಖಾಯಂ ಊರಿಗೆ?” ಮುಂದಿನ ವರ್ಷ ಎನ್ನುತ್ತಾ ಬಂದಿದ್ದೆ. ನಿಜ ಹೇಳಬೇಕೆಂದರೆ ಪೊಲೀಸರಿಗಿಂತ ನನಗೆ ಆ ಪ್ರಶ್ನೆಯ ಹೆದರಿಕೆಯೇ ಹೆಚ್ಚು. ಅಲ್ಲಿ ಈಗ ಕಾಯಿಪಲ್ಲೆ ಮಾರುವವಳಿಗೂ ನನ್ನ ಗುರುತಿಲ್ಲ. ಹೋದಾಗಲೆಲ್ಲ “ಯಾವೂರ್ರೀ ನಿಮ್ದು?” ಎಂದು ಕೇಳುತ್ತಾರೆ. ಆ ದಿನ ಮಾತ್ರ ಗಟ್ಟಿ ದನಿಯಲ್ಲಿ ಹೇಳಿದೆ: “ಬರಾಕ ಪೊಲೀಸರು ಬಿಡೂದಿಲ್ಲೋ ಅಣ್ಣಾ. ಬರದು ಕೊಟ್ಟೇನಿ.” “ಏನ್ ಮಾಡಿದ್ಯೋ ತಮ್ಮಾ?” ಎಂದು ಪಿಸುದನಿಯಲ್ಲಿ ಕೇಳಿ, ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟ. ಆಮೇಲೆ ಅವನು ಆ ಪ್ರಶ್ನೆ ಕೇಳಿಲ್ಲ.

ಈಗ ಉಳಿದಿರುವುದು ಒಂದೇ ಹೆದರಿಕೆ. ಹಾಜರಿ ಕಡಿಮೆಯಾದರೆ ಮುಂದಿನ ವರ್ಷ ಕಾರಲಪ್ಪನ ಅನುಮತಿ ಹೋಗುತ್ತದೆ, ಅದರ ಹಿಂದೆಯೇ ಗದಗಿಗೆ ಹೋಗದೆ ಇಲ್ಲೇ ಉಳಿಯಲು ನನಗೆ ಸಿಕ್ಕ ಅನುಮತಿಯೂ ಹೋಗುತ್ತದೆ. ಮೊನ್ನೆ ಅವನಿಗೆ ನೆಗಡಿಯಾಗಿತ್ತು, ಇವತ್ತು ಪಾಠ ಬೇಡ ಎಂದು ಮುಸುಕೆಳೆದಿದ್ದ. ನಾನು ಶುಂಠಿ ಕಷಾಯ ಹಿಡಿದು ಮಹಡಿ ಹತ್ತಿ, ಮುಸುಕು ಕಿತ್ತು, ಸ್ವೆಟರ್ ತೊಡಿಸಿ, ರಿಕ್ಷಾದಲ್ಲಿ ಕೂರಿಸಿಕೊಂಡು ಹೋಗಿ ಅವನನ್ನು ವಿದ್ಯಾಲಯದ ಬಾಗಿಲಲ್ಲಿ ಬಿಟ್ಟೆ. ಹಾಜರಿ ಕೂಗುವುದು ಕಿವಿಗೆ ಬೀಳುವವರೆಗೂ ಕಿಟಕಿಯ ಹತ್ತಿರ ನಿಂತಿದ್ದೆ.