ಎರಡು ನೆರಳಿನ ಅಕ್ಷರಗಳು

ಬೋರ್ಡ್ ಬರೆಯುವವರ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಬರೆದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ, ತಪ್ಪು ಇನ್ನೂ ಬೇಗ ಬೀಳುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆಲ್ದೂರಿನಲ್ಲಿ ಪೇಂಟರ್ ಸಾಹೇಬರದೂ ನನ್ನದೂ ಜೊತೆ ಅಂಗಡಿ. ಅಕ್ಷರದ ಗೆರೆ ಅವರದು, ಬಣ್ಣ ತುಂಬುವುದು ನನ್ನದು. ಗೆರೆ ಎಳೆಯಲು ನನಗೆ ಇವತ್ತಿಗೂ ಬರುವುದಿಲ್ಲ.

ಹಲ್ಲಿನ ಡಾಕ್ಟರು

ಎಸ್ಟೇಟ್ ಬಂಗಲೆಯೊಂದರಿಂದ ರದ್ದಿಗೆ ಬಂದ ಇಂಗ್ಲಿಷ್ ಕಾಮಿಕ್ಸ್ ಪುಸ್ತಕಗಳು ಸಾಹೇಬರ ಕೈಗೆ ಸಿಕ್ಕವು. ಓದಲು ಬಾರದು, ಅಕ್ಷರಗಳಿಗೆ ಮಾತ್ರ ಮರುಳಾದರು. ಹೊಟ್ಟೆ ಉಬ್ಬಿದ ಅಕ್ಷರ, ಒಳಗೆಲ್ಲ ಚುಕ್ಕಿ, ಸುತ್ತ ಸಿಡಿದ ಹಳದಿ ನಕ್ಷತ್ರ. ಮೊದಲ ಪ್ರಯೋಗ ಮೂಡಿಗೆರೆಯ ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ. ವಾರ ಕಳೆದು ಡಾಕ್ಟರು ಬಸ್ ಹತ್ತಿ ಬಂದವರೇ ಅಂಥದೇ ಪುಸ್ತಕದ ಒಂದು ಪುಟ ತೆರೆದು ತೋರಿಸಿದರು. ಒಬ್ಬ ಇನ್ನೊಬ್ಬನ ದವಡೆಗೆ ಗುದ್ದುತ್ತಿದ್ದ. ಗುದ್ದಿದ ಕಡೆ ಅದೇ ನಕ್ಷತ್ರ.

“ಸಾಹೇಬ್ರೆ, ನಾನು ಹಲ್ಲು ಕೀಳೋದು ನೋವಾಗ್ದ ಹಾಗೆ. ನೀವು ಊರಿಗೆಲ್ಲ ಬೇರೇನೇ ಹೇಳ್ಬಿಟ್ರಲ್ಲ,” ಅಂದರು.

ಅಪಾಯ

ಕೊಟ್ಟಿಗೆಹಾರದ ಹತ್ತಿರ ಎಸ್ಟೇಟೊಂದರ ನೀರಿನ ಹೊಂಡಕ್ಕೆ ‘ಅಪಾಯ, ಹತ್ತಿರ ಬರಬೇಡಿ’ ಎಂದು ಬರೆದುಕೊಟ್ಟೆವು. ಅದೇ ಕುಣಿಯುವ ಅಕ್ಷರ. ತಿಂಗಳ ಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಸಿಕ್ಕರು.

“ಬೋರ್ಡ್ ಚೆನ್ನಾಗಿದೆ ಮಾರಾಯ್ರೆ. ಆಳುಗಳು ಈಗ ಬುತ್ತಿ ಬಿಚ್ಚೋದೇ ಅದ್ರ ಬುಡದಲ್ಲಿ. ಮೊನ್ನೆ ಮೇಸ್ತ್ರಿ ಅದನ್ನ ನೋಡ್ತಾ ನೋಡ್ತಾ ಹೊಂಡಕ್ಕೆ ಬಿದ್ದ.”

ಸಾಹೇಬರು ಕೇಳಿದ್ದು ಒಂದೇ: “ಬೋರ್ಡಿಗೆ ಏನೂ ಆಗ್ಲಿಲ್ವಲ್ಲ?”

ಎರಡು ನೆರಳು

ಅಕ್ಷರಕ್ಕೆ ನೆರಳು ಒಂದೇ ಕಡೆ. ಅದು ನಮ್ಮ ಕಸುಬಿನ ಕಟ್ಟಳೆ. ಒಂದು ದಿನ ಜವಳಿ ಅಂಗಡಿಯ ಬೋರ್ಡಿಗೆ ಸಾಹೇಬರು ಎಡಕ್ಕೂ ಬಲಕ್ಕೂ ನೆರಳಿನ ಗೆರೆ ಎಳೆದರು. ನಾನು ಎರಡಕ್ಕೂ ಬಣ್ಣ ತುಂಬಿದೆ. “ಆಲ್ದೂರಿಗೆ ಎರಡು ಸೂರ್ಯನಾ?” ಎಂದು ಜವಳಿಯವರು ನಕ್ಕರು. ಆದರೆ ಅದೇ ಫ್ಯಾಷನ್ ಆಯಿತು. ಲಾರಿಯವರಿಗೂ ಸೈಕಲ್ ಶಾಪಿನವರಿಗೂ ಎರಡು ನೆರಳೇ ಬೇಕು.

ಸಾಹೇಬರಿಗೆ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತೆಂದು ಬಲ್ಲವನು ನಾನೊಬ್ಬನೇ. ಕೆಲಸ ನಿಂತೀತೆಂದು ಅವರು ಹೇಳಲಿಲ್ಲ, ಅದೇ ಹೆದರಿಕೆಗೆ ನಾನು ಕೇಳಲಿಲ್ಲ. ಹಾಗೆ ಕಳೆದ ಆ ಒಂದು ವರ್ಷಕ್ಕೆ ನನ್ನನ್ನು ನಾನೇ ಕ್ಷಮಿಸಿಕೊಂಡಿಲ್ಲ. ಕಡೆಗೂ ಧೈರ್ಯ ಮಾಡಿ, “ಕಣ್ಣು ತೋರಿಸ್ಬೇಕು ಸಾಹೇಬ್ರೆ,” ಅಂದೆ.

“ತೋರಿಸಿದ್ರೆ ಒಂದೇ ನೆರಳು ಕಾಣುತ್ತೆ ಮಾರಾಯ. ಗಿರಾಕಿಗೆ ಎರಡು ಬೇಕಲ್ಲ.”

ಕೊನೆಯ ಬೋರ್ಡ್

ಚಿಕ್ಕಮಗಳೂರಿನ ಕಣ್ಣಿನ ಡಾಕ್ಟರು, “ತಡ ಮಾಡಿದ್ರಿ,” ಎಂದಷ್ಟೇ ಹೇಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಸಾಹೇಬರಿಗೆ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯದಾಯಿತು. ಗೆರೆಯೇ ಇಲ್ಲದೆ ನಾನು ಬಣ್ಣ ಎಲ್ಲಿಗೆ ತುಂಬಲಿ? ಅಂಗಡಿ ಮುಚ್ಚುವುದೆಂದಾಯಿತು. ಕೊನೆಯ ಬೋರ್ಡಿಗೂ ಗೆರೆ ತಾವೇ ಎಳೆಯುತ್ತೇನೆಂದು ಹಟ ಹಿಡಿದರು. ಎಡಗೈ ಬೆರಳಿನಲ್ಲಿ ಅಳೆದು ಅಳೆದು ಸೀಮೆಸುಣ್ಣದಲ್ಲಿ ಎಳೆದರು: ‘ಅಂಗಡಿ ಮುಚ್ಚಿದೆ’. ಅಕ್ಷರಗಳು ಒಂದರ ಹೆಗಲ ಮೇಲೊಂದು ಹತ್ತಿ ಕುಣಿಯುತ್ತಿದ್ದವು, ಸುತ್ತ ನಕ್ಷತ್ರ ಸಿಡಿದಿತ್ತು. ಅಳುತ್ತಲೇ ಬಣ್ಣ ತುಂಬಿದೆ.

ಬೆಳಿಗ್ಗೆ ಅದನ್ನು ಬಾಗಿಲಿಗೆ ತೂಗುಹಾಕಿ, ಒಳಗೆ ಡಬ್ಬಿಗಳನ್ನು ಕಟ್ಟುತ್ತಿದ್ದೆವು. ಹೋಟೆಲಿನವರೊಬ್ಬರು ಬಂದು, “ನಮಗೂ ಇಂಥದ್ದೇ ಒಂದು ಬೇಕು,” ಅಂದರು.

“ಏನು ಬರ್ದಿದೆ ಅಂತ ಓದ್ಲಿಲ್ವಾ?” ಅಂದೆ.

“ಓದಿದೆ. ಇಷ್ಟು ಖುಷಿಯಲ್ಲಿ ಯಾರು ಅಂಗಡಿ ಮುಚ್ತಾರೆ? ತಮಾಷೆ ಅಂದ್ಕೊಂಡೆ.”

ಸಂಜೆಯೊಳಗೆ ಇನ್ನೂ ಮೂವರು ಬಂದರು. ಸಾಹೇಬರು ಸ್ಟೂಲಿನ ಮೇಲೆ ಕೂತು, ಪ್ರತಿ ಸಲವೂ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿಸಿಕೊಂಡರು. ಕೊನೆಯವರು ಹೋದ ಮೇಲೆ ನನ್ನ ಕೈಗಾಗಿ ತಡಕಾಡಿ ಹಿಡಿದುಕೊಂಡರು.

“ಒಂದೇ ದಿನ ನಾಲ್ಕು ಗಿರಾಕಿ ಯಾವತ್ತಾದ್ರೂ ಬಂದಿದ್ರಾ ಮಾರಾಯ? ಮೊದ್ಲೇ ಮುಚ್ಬೇಕಿತ್ತು ನಾವು.”