ಕೋಟೆ ತಂಡದ ಮೊದಲ ವೀಳ್ಯ

ಸರಿಯಾದವರನ್ನು ಆರಿಸಿಕೊಳ್ಳುವುದೇ ಬಾಳಿನ ಅರ್ಧ ಗೆಲುವು ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಒಬ್ಬರೂ ಹೊಳೆನರಸೀಪುರದಲ್ಲಿ ಫುಟ್‌ಬಾಲ್ ತಂಡ ಕಟ್ಟಿದವರಲ್ಲ. ನಾನು ಕಟ್ಟಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ. ಯೋಗ್ಯತೆ ಇಲ್ಲ.

ಅರವತ್ತರ ದಶಕ ಇನ್ನೂ ಹೊಸದಾಗಿದ್ದ ಕಾಲ. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿ ಮುಗಿದ ಮೇಲೆ ಕೋಟೆ ತಂಡದ ಕಾರ್ಯದರ್ಶಿ. ಊರಿನಲ್ಲಿದ್ದದ್ದು ಎರಡೇ ತಂಡ, ಪೇಟೆ ಮತ್ತು ಕೋಟೆ. ವರ್ಷಕ್ಕೊಂದು ದೊಡ್ಡ ಪಂದ್ಯ, ಹೇಮಾವತಿಯ ದಡದ ಬಯಲಿನಲ್ಲಿ. ಎಲ್ಲರೂ ಬರಿಗಾಲಲ್ಲೇ ಆಡುತ್ತಿದ್ದರು. ಚೆಂಡಿಗೆ ಮಾತ್ರ ಚರ್ಮದ ಹೊದಿಕೆ ಇತ್ತು.

ಆಟಗಾರರಿಗೆ ನಾವು ನಂಬಿದ್ದು ಸರ್ಕಾರದ ವರ್ಗಾವಣೆಯನ್ನು. ಬೇಸಿಗೆ ಮುಗಿಯುವಾಗ ಊರಿಗೆ ಹೊಸ ಮೇಷ್ಟರು, ಹೊಸ ಸರ್ವೆಯರು, ಹೊಸ ಕಾಂಪೌಂಡರು ಬಂದಿಳಿಯುತ್ತಿದ್ದರು. ಒಂದು ವರ್ಷ ಹೊಸ ಡ್ರಾಯಿಂಗ್ ಮೇಷ್ಟರು ಬಸ್ಸಿನಿಂದ ಇಳಿಯುತ್ತಿದ್ದಂತೆ ಪೇಟೆಯವರು ಒಂದು ಕೈ, ಕೋಟೆಯವರು ಇನ್ನೊಂದು ಕೈ ಹಿಡಿದು ಎಳೆದು, ಅವರ ಶರಟು ಬೆನ್ನಮೇಲೆ ಎರಡಾಯಿತು. ಅವರು ಅದೇ ಬಸ್ಸಿನಲ್ಲಿ ವಾಪಸು ಹೋದರು. ಆಮೇಲೆ ಊರ ದೊಡ್ಡವರು ಕೂತು ಒಂದು ಕಟ್ಟಳೆ ಮಾಡಿದರು. ಹೊಸದಾಗಿ ಬಂದವರನ್ನೆಲ್ಲ ಒಂದು ಭಾನುವಾರ ಛತ್ರದಲ್ಲಿ ಕೂರಿಸುವುದು. ಎರಡೂ ತಂಡದ ಕಾರ್ಯದರ್ಶಿಗಳು ಸರದಿಯ ಮೇಲೆ ಒಬ್ಬೊಬ್ಬರಿಗೆ ವೀಳ್ಯ ಕೊಡುವುದು. ಯಾರ ಕೈಯಿಂದ ವೀಳ್ಯ ತೆಗೆದುಕೊಂಡರೋ ಆ ವರ್ಷಕ್ಕೆ ಅವರು ಆ ತಂಡದವರು. ಕೊಟ್ಟ ವೀಳ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹೆಣ್ಣು ನಿಶ್ಚಯವಾದಂತೆಯೇ.

ಮೊದಲ ವೀಳ್ಯದ ಹಕ್ಕು ಹಿಂದಿನ ವರ್ಷ ಸೋತವರಿಗೆ. ನಾಲ್ಕು ವರ್ಷದಿಂದ ಆ ಹಕ್ಕು ನಮ್ಮನ್ನು ಬಿಟ್ಟು ಹೋಗಿರಲಿಲ್ಲ.

ಆ ಹಕ್ಕನ್ನು ನಾನು ಹೇಗೆ ಚಲಾಯಿಸಿದ್ದೆ ಎಂಬುದನ್ನೂ ಮುಚ್ಚಿಡಬಾರದು. ಒಮ್ಮೆ ಆಳೆತ್ತರ ನೋಡಿ ಸರ್ವೆಯರೊಬ್ಬರಿಗೆ ವೀಳ್ಯ ಕೊಟ್ಟೆ. ಸಂಜೆ ಐದರ ಮೇಲೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ಪಂದ್ಯ ಶುರುವಾಗುತ್ತಿದ್ದದ್ದು ಐದಕ್ಕೆ. ಇನ್ನೊಮ್ಮೆ ಹಿಂದಿ ಮೇಷ್ಟರೊಬ್ಬರು ವೀಳ್ಯ ತೆಗೆದುಕೊಂಡು, ಅಲ್ಲೇ ಮಡಿಸಿ ಬಾಯಿಗೆ ಹಾಕಿಕೊಂಡು, "ಸುಣ್ಣ ಇದೆಯೇ?" ಎಂದರು. ಇಡೀ ವರ್ಷದಲ್ಲಿ ಅವರು ತಂಡಕ್ಕೆ ಸಲ್ಲಿಸಿದ ಸೇವೆ ಅಷ್ಟೇ.

ನಮ್ಮ ಕೊರತೆ ಇದ್ದದ್ದು ಗೋಲಿನಲ್ಲಿ. ನಮ್ಮ ಗೋಲ್‌ಕೀಪರ್ ದರ್ಜಿ ನಂಜಪ್ಪ. ನಲವತ್ತು ದಾಟಿತ್ತು, ಹೊಲಿಗೆ ಯಂತ್ರ ತುಳಿದು ತುಳಿದು ಬಲ ಮಂಡಿ ಮಾತು ಕೇಳುತ್ತಿರಲಿಲ್ಲ. ಆ ವರ್ಷದ ಸಭೆ ಅವನ ಅಂಗಡಿ ಜಗಲಿಯ ಮೇಲೆ ಸೇರಿತು. ನಾನು ಕಚೇರಿಯ ಫೂಲ್ಸ್‌ಕ್ಯಾಪ್ ಹಾಳೆಯಲ್ಲಿ ಗೆರೆ ಹೊಡೆದು, 'ಕೊರತೆ', 'ಕಾರಣ', 'ಪರಿಹಾರ', 'ಷರಾ' ಎಂದು ನಾಲ್ಕು ಅಂಕಣ ಮಾಡಿ ಓದತೊಡಗಿದೆ.

ನಂಜಪ್ಪ ಗುಂಡಿ ಹೊಲಿಯುತ್ತಲೇ ಹೇಳಿದ: "ಪಟ್ಟಿ ಯಾಕ್ ಸಾಮಿ ಅಷ್ಟುದ್ದ? ನನ್ ಜಾಗಕ್ಕೆ ಒಬ್ಬನ್ನ ತನ್ನಿ, ಸಾಕು. ನಾವು ಗೆದ್ದಿದ್ದ ಒಂದ್ಸಲ ಕಣ್ಣಾರೆ ನೋಡ್ಬುಟ್ಟು ಮಿಸಿನ್ ಮುಂದೆ ಕೂತ್ಕಂಬುಡ್ತೀನಿ."

ಆಮೇಲೆ ಒಳಗಿನಿಂದ ಒಂದು ಅಂಗಿ ತಂದು ಹರಡಿದ. ಹಳದಿ ಬಣ್ಣ, ತುಂಬು ತೋಳು, ಮೊಣಕೈಗೆ ಹತ್ತಿ ತುಂಬಿದ ತೇಪೆ. ತನ್ನ ನಂತರ ಬರುವವನಿಗೆ ಹೊಲಿದಿಟ್ಟದ್ದು.

"ಬಹಳ ದೊಡ್ಡದಾಯ್ತಲ್ಲೋ" ಎಂದೆ.

"ಬರೋನ್ ಯಾರೋ ಏನೋ, ಅಳತೆ ಗೊತ್ತಿಲ್ವಲ್ಲ ಸಾಮಿ. ಚಿಕ್ಕದಾದ್ರೆ ಕಷ್ಟ, ದೊಡ್ಡದಾದ್ರೆ ಒಳಕ್ ಮಡಿಸಿ ಹೊಲ್ಕೋಬೋದು."

ಆ ಅಂಗಿಯ ಮುಂದೆ ನಾನು ಮಾತು ಕೊಟ್ಟುಬಿಟ್ಟೆ. ಈ ಸಲದ ಮೊದಲ ವೀಳ್ಯ ಗೋಲ್‌ಕೀಪರಿಗೇ ಎಂದು.

ದಾರಿ ತೋರಿಸಿದವಳು ನನ್ನ ಹೆಂಡತಿ ರುಕ್ಮಿಣಿ. ಅವಳ ಅಣ್ಣನಿಗೆ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ. "ಅಲ್ಲಿ ಪುಟ್ಟಸ್ವಾಮಿ ಅಂತ ಒಬ್ಬನಿದ್ದಾನೆ. ಗಾಡಿ ಮೇಲಿಂದ ಎಸೆದ ಕಾಯಿ ಒಂದನ್ನೂ ನೆಲಕ್ಕೆ ಬೀಳಿಸಲ್ಲ. ನಮ್ಮೂರ ದನದ ಆಸ್ಪತ್ರೆಗೆ ಅಟೆಂಡರಾಗಿ ಬರ್ತಾನಂತೆ. ಬೇಕಾದರೆ ಹೋಗಿ ನೋಡ್ಕೊಂಡು ಬನ್ನಿ. ಹಾಗೇ ಹಬ್ಬಕ್ಕೆ ಹತ್ತು ಕಾಯಿ ತನ್ನಿ."

ಹೋದೆ. ನೋಡಿದೆ. ಗಾಡಿಯ ಮೇಲೆ ನಿಂತ ಇಬ್ಬರು ಎರಡೆರಡು ಕಾಯಿ ಎಸೆಯುತ್ತಿದ್ದರು. ಕೆಳಗೆ ಪುಟ್ಟಸ್ವಾಮಿ ಬಾಯಲ್ಲಿ ಬೀಡಿ ಕಚ್ಚಿಕೊಂಡು, ಯಾರೊಡನೆಯೋ ಮಗಳ ಮದುವೆ ವಿಚಾರ ಮಾತಾಡುತ್ತಾ, ಬಂದದ್ದನ್ನೆಲ್ಲ ಹಿಡಿದು ಪಕ್ಕಕ್ಕೆ ಜೋಡಿಸುತ್ತಿದ್ದ. ಎಡಕ್ಕೆ ಬಂದರೆ ಎಡಗೈ, ಬಲಕ್ಕೆ ಬಂದರೆ ಬಲಗೈ. ಕಾಯಿಯ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ಕಣ್ಣಿನಲ್ಲಿ ನೀರು ಬಂತು.

ಇಷ್ಟಕ್ಕೇ ಹಿಂದಿರುಗಬಹುದಿತ್ತು. ಆದರೆ ಕಾರ್ಯದರ್ಶಿಯಾದವನು ಸ್ವತಃ ಪರೀಕ್ಷಿಸಬೇಕು ಎಂಬ ಕಚೇರಿಯ ಬುದ್ಧಿ. "ಇದೇನು ಅಷ್ಟು ಕಷ್ಟವಾ?" ಎಂದು ಅವನ ಜಾಗದಲ್ಲಿ ನಿಂತೆ. ಮೊದಲ ಕಾಯಿ ನನ್ನ ಹೆಬ್ಬೆರಳಿಗೆ ಬಂತು. ಎರಡನೆಯದು ಬರುವ ಹೊತ್ತಿಗೆ ನಾನು ಅಲ್ಲಿರಲಿಲ್ಲ.

ಮನೆಗೆ ಬಂದಾಗ ರುಕ್ಮಿಣಿ ಕೇಳಿದಳು, "ಕಾಯಿ ಎಲ್ಲಿ?"

"ಗೋಲ್‌ಕೀಪರ್ ಸಿಕ್ಕಿದ ಕಣೇ."

"ಅವನನ್ನ ಒಡೆದು ಚಟ್ನಿ ಅರೀಲಾ?"

ಇನ್ನು ಉಳಿದದ್ದು ಗುಟ್ಟು ಕಾಪಾಡುವುದು. ಪೇಟೆ ತಂಡದ ಕಾರ್ಯದರ್ಶಿ ಹೋಟೆಲ್ ಸುಬ್ಬಣ್ಣ. ನಾನು ಅವನ ಹೋಟೆಲಿನಲ್ಲೇ ಕಾಫಿ ಕುಡಿಯುತ್ತಾ, ಸಾಲಗಾಮೆ ಕಡೆಯಿಂದ ಬಂದಿದ್ದ ಹೊಸ ಕ್ರಾಫ್ಟ್ ಮೇಷ್ಟರ ಓಟವನ್ನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೊಗಳಿದೆ. ಸುಬ್ಬಣ್ಣ ನನ್ನ ಲೋಟದ ಪಕ್ಕದಲ್ಲಿದ್ದ ಬಟ್ಟೆ ಸುತ್ತಿದ ಬೆರಳನ್ನೇ ನೋಡುತ್ತಿದ್ದ.

"ಬೆರಳಿಗೇನ್ರಿ ಆಯ್ತು?"

"ಬಾಗಿಲಿಗೆ ಸಿಕ್ಕಿತು."

"ಚನ್ನರಾಯಪಟ್ಟಣದ ಬಾಗಿಲು ಸ್ವಲ್ಪ ಜೋರು ಬಿಡಿ" ಎಂದ. ಬಸ್ಸಿನ ಕಂಡಕ್ಟರು ಅವನ ಹೋಟೆಲಿನಲ್ಲೇ ಊಟ ಮಾಡುತ್ತಿದ್ದ ಎಂಬುದು ನನಗೆ ಆಗ ಹೊಳೆಯಿತು.

ಗುಟ್ಟು ಹೋದರೂ ಹಕ್ಕು ನಮ್ಮದೇ ಇತ್ತು. ಆದರೂ ಸುಬ್ಬಣ್ಣ ಏನಾದರೂ ಕಿತಾಪತಿ ಮಾಡಿಯಾನು ಎಂಬ ಭಯಕ್ಕೆ ನಾನು ಒಂದು ಭದ್ರವಾದ ಏರ್ಪಾಡು ಮಾಡಿದೆ. ನಮ್ಮ ಕಚೇರಿಗೆ ಮೂರು ವಾರದ ಹಿಂದೆ ಬಂದಿದ್ದ ಹೊಸ ಅಮಲ್ದಾರರನ್ನು ಅಧ್ಯಕ್ಷತೆಗೆ ಕರೆದೆ. ತಾಲ್ಲೂಕಿಗೇ ದೊಡ್ಡ ಅಧಿಕಾರಿ; ಅವರ ಮುಂದೆ ಯಾರ ಆಟ ನಡೆಯುತ್ತದೆ?

ರುಕ್ಮಿಣಿ ಅಕ್ಕಿ ಆರಿಸುತ್ತಾ ಹೇಳಿದಳು, "ದೊಡ್ಡವರನ್ನ ಎದುರಿಗೆ ಕೂರಿಸಿಕೊಂಡು, ಅವರನ್ನ ದಾಟಿ ಅಟೆಂಡರ್ ಮುಂದೆ ತಟ್ಟೆ ಹಿಡೀತೀರಾ? ನಿಮ್ಮ ಕೈಲಾಗುತ್ತಾ?"

"ಇದು ಆಟದ ವಿಷಯ. ಹೆಂಗಸರಿಗೆ ತಿಳಿಯಲ್ಲ" ಎಂದೆ. ಈ ಮಾತನ್ನು ಆಡಿದ್ದು ಅದೇ ಕೊನೆ.

ಭಾನುವಾರ ಬಂತು. ಛತ್ರದ ತುಂಬ ಜನ. ಅಮಲ್ದಾರರು ಮುಂದಿನ ಸಾಲಿನ ನಡುವೆ, ಕುರ್ಚಿಯಲ್ಲಿ. ಐವತ್ತರ ಮೇಲಿನ ವಯಸ್ಸು, ಕರಿ ಕೋಟು, ತುಂಬು ಹೊಟ್ಟೆ. ಹಿಂದಿನ ಬೆಂಚಿನಲ್ಲಿ ಹೊಸ ನೌಕರರು, ಕೊನೆಯಲ್ಲಿ ಪುಟ್ಟಸ್ವಾಮಿ. ಕಂಬಕ್ಕೆ ಒರಗಿ ನಂಜಪ್ಪ, ಕಂಕುಳಲ್ಲಿ ಮಡಿಸಿದ ಹಳದಿ ಅಂಗಿ. ನಾನು ಎದ್ದು, ನಾನೇ ಬರೆದಿದ್ದ ನಿಯಮವನ್ನು ಗಟ್ಟಿಯಾಗಿ ಓದಿದೆ: "ಈ ವರ್ಷ ಊರಿಗೆ ಹೊಸದಾಗಿ ಬಂದ ಯಾವನೇ ನೌಕರನೂ, ಹುದ್ದೆಯ ತರತಮವಿಲ್ಲದೆ, ವೀಳ್ಯಕ್ಕೆ ಅರ್ಹನು." ಚಪ್ಪಾಳೆ ಬಿತ್ತು.

ಎಲೆ, ಅಡಿಕೆ, ನಿಂಬೆಹಣ್ಣಿಟ್ಟ ಹಿತ್ತಾಳೆ ತಟ್ಟೆ ಹಿಡಿದು ಹೊರಟೆ. ಪುಟ್ಟಸ್ವಾಮಿಯವರೆಗೆ ಹದಿನೈದು ಹೆಜ್ಜೆ. ಆರನೆಯ ಹೆಜ್ಜೆಗೆ ಅಮಲ್ದಾರರ ಕುರ್ಚಿ. ಹದಿನೆಂಟು ವರ್ಷ ಕಚೇರಿಯಲ್ಲಿ ಕಡತ ಹೊತ್ತ ಮೈ ಇದು. ಅಧಿಕಾರಿಯ ಮುಂದೆ ಹಾದು ಹೋಗುವಾಗ ಕಾಲು ನನ್ನನ್ನು ಕೇಳದೆ ನಿಂತಿತು. ಸೊಂಟ ನನ್ನನ್ನು ಕೇಳದೆ ಬಗ್ಗಿತು. ತಟ್ಟೆ ತಾನಾಗಿ ಅವರ ಎದೆಯ ಮಟ್ಟಕ್ಕೆ ಹೋಯಿತು.

ಅಮಲ್ದಾರರು ತಟ್ಟೆ ನೋಡಿದರು. ನನ್ನನ್ನು ನೋಡಿದರು. ಎರಡೂ ಕೈ ನೀಡಿ ವೀಳ್ಯ ತೆಗೆದುಕೊಂಡರು.

ಸುಬ್ಬಣ್ಣ ತಟ್ಟನೆ ಎದ್ದು ನಿಂತ. "ಮೊದಲ ವೀಳ್ಯ ಆಯ್ತು. ಅಮಲ್ದಾರ್ ಸಾಹೇಬರು ಕೋಟೆ ತಂಡಕ್ಕೆ" ಎಂದು ಘೋಷಿಸಿ, ತಾನೇ ಮೊದಲು ಚಪ್ಪಾಳೆ ತಟ್ಟಿದ.

ಅದು ಗೌರವದ ವೀಳ್ಯ, ಆಟದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮಲ್ದಾರರು ಎದ್ದು ನಿಂತಿದ್ದರು. ವೀಳ್ಯವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು.

"ಮೈಸೂರಲ್ಲಿ ಕಾಲೇಜಿನಲ್ಲಿದ್ದಾಗ ಆಡ್ತಿದ್ದೆ ಕಣ್ರಿ. ಆಮೇಲೆ ಎಷ್ಟು ಊರು ಸುತ್ತಿದೆ. ಎಲ್ಲಾ ಕಡೆ ಅಧ್ಯಕ್ಷತೆಗೆ ಕರೀತಾರೆ. ಆಟಕ್ಕೆ ಅಂತ ಕರೆದೋರು ನೀವೇ ಮೊದಲು."

ಅಂಥ ಮಾತಾಡಿದವರ ಕೈಯಿಂದ ವೀಳ್ಯ ಕಿತ್ತುಕೊಳ್ಳುವ ಶಕ್ತಿ ಸರ್ಕಾರಕ್ಕೂ ಇರಲಿಲ್ಲ.

ಎರಡನೆಯ ವೀಳ್ಯ ಪೇಟೆಯದು. ಸುಬ್ಬಣ್ಣ ನೇರವಾಗಿ ನಡೆದು ಪುಟ್ಟಸ್ವಾಮಿಯ ಮುಂದೆ ನಿಂತ. ಹೋಟೆಲಿನವನಿಗೆ ಯಾರ ಮುಂದೆಯೂ ಸೊಂಟ ಬಗ್ಗಿಸುವ ಅಭ್ಯಾಸವಿರಲಿಲ್ಲ.

ನಂಜಪ್ಪ ನಿಧಾನಕ್ಕೆ ಬಂದು, ಮಡಿಸಿದ ಅಂಗಿಯನ್ನು ಅಮಲ್ದಾರರ ಕೈಗೆ ಕೊಟ್ಟು ಕೈ ಮುಗಿದ. ಅವರು ಕೋಟು ಬಿಚ್ಚಿ ಅಲ್ಲೇ ತೊಟ್ಟು ನೋಡಿದರು. ಅಳತೆ ತೆಗೆದು ಹೊಲಿದಂತಿತ್ತು.

"ಗೋಲಿಗೆ ನಿಲ್ತೀರಾ ಸ್ವಾಮಿ?" ಎಂದು ಕೇಳಿದೆ.

"ಛೆ ಛೆ. ನಾನು ಸೆಂಟರ್ ಫಾರ್ವರ್ಡು."

ಹೀಗೆ ನಂಜಪ್ಪ ಮತ್ತೆ ಗೋಲಿಗೆ ನಿಂತ.

ಪಂದ್ಯದ ದಿನ ಮೊದಲರ್ಧದಲ್ಲಿ, ನನ್ನ ಆಯ್ಕೆಯೇ ಸರಿಯೇನೋ ಎಂಬ ಭ್ರಮೆ ನನಗೇ ಬಂತು. ಅಮಲ್ದಾರರ ಕಾಲಿಗೆ ಚೆಂಡು ಸಿಕ್ಕಿದರೆ ಪೇಟೆಯವರು ಇಬ್ಭಾಗವಾಗಿ ದಾರಿ ಬಿಡುತ್ತಿದ್ದರು. ಅವರಲ್ಲಿ ಒಬ್ಬನ ಖಾತೆ ಬದಲಾವಣೆ, ಇನ್ನೊಬ್ಬನ ಬಾವಿ ಸಾಲದ ಅರ್ಜಿ ನಮ್ಮ ಕಚೇರಿಯಲ್ಲೇ ಇತ್ತು. "ಬನ್ನಿ ಸಾ, ಇತ್ಲಾಗ್ ಬನ್ನಿ ಸಾ" ಎಂದು ಒಬ್ಬ ಪಕ್ಕದಲ್ಲೇ ಓಡಿ ದಾರಿ ತೋರಿಸುತ್ತಿದ್ದ.

ಆದರೆ ಕೊನೆಯಲ್ಲಿ ಪುಟ್ಟಸ್ವಾಮಿ ಇದ್ದ. ದನದ ಆಸ್ಪತ್ರೆಯವನಿಗೆ ರೆವಿನ್ಯೂ ಇಲಾಖೆಯ ಭಯವೇನು? ಅಮಲ್ದಾರರು ಒದ್ದರು, ಅವನು ಒಂದೇ ಕೈಯಲ್ಲಿ ಹಿಡಿದ. ಹಿಡಿದು, ಚೆಂಡನ್ನು ಟವೆಲಿನಿಂದ ಒರೆಸಿ, ಅವರಿಗೇ ಹಿಂದಕ್ಕೆ ಕೊಟ್ಟ. "ತಗಳಿ ಸಾ, ಇನ್ನೊಂದ್ಸಲ ಒದೀರಿ." ಇನ್ನೊಂದು ಸಲ ಒದ್ದರು. ಇನ್ನೊಂದು ಸಲ ಹಿಡಿದ. ಮೂರನೆಯ ಸಲ ಅಮಲ್ದಾರರೇ ಬೇಡವೆಂದರು.

ಇತ್ತ ನಂಜಪ್ಪ ಜೀವಮಾನದ ಆಟ ಆಡುತ್ತಿದ್ದ. ಮಂಡಿಗೆ ಅರಿವೆ ಬಿಗಿದುಕೊಂಡು, ಬಿದ್ದು, ಎದ್ದು, ಹೊಟ್ಟೆಯಲ್ಲಿ, ಎದೆಯಲ್ಲಿ, ಒಮ್ಮೆ ಕಿವಿಯಲ್ಲೂ ತಡೆದ. ಒಂದು ಚೆಂಡೂ ಒಳಗೆ ಹೋಗಲಿಲ್ಲ. ದಡದಲ್ಲಿದ್ದ ಜನ ಪೇಟೆ-ಕೋಟೆ ಎಂಬುದನ್ನು ಮರೆತು "ನಂಜಪ್ಪಾ, ನಂಜಪ್ಪಾ" ಎಂದು ಕೂಗುತ್ತಿದ್ದರು.

ವಿರಾಮದಲ್ಲಿ ತಂಡಗಳು ದಿಕ್ಕು ಬದಲಿಸಿದವು. ಅಮಲ್ದಾರರು ಆಗ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಎಳನೀರು ಕುಡಿಯುತ್ತಿದ್ದರು. ದಿಕ್ಕು ಬದಲಾದದ್ದನ್ನು ಅವರಿಗೆ ತಿಳಿಸುವ ಹೊಣೆ ಕಾರ್ಯದರ್ಶಿಯದು. ಎಳನೀರು ಕುಡಿಯುವಾಗ ಅಧಿಕಾರಿಗಳನ್ನು ಮಾತಾಡಿಸಬಾರದೆಂದು ನಾನು ಸುಮ್ಮನಿದ್ದೆ.

ಮುಗಿಯಲು ಐದು ನಿಮಿಷ ಇರುವಾಗ, ವಿರಾಮದ ನಂತರ ಮೊದಲ ಸಲ, ನಡುಬಯಲಿನಲ್ಲಿ ಚೆಂಡು ಅವರ ಕಾಲಿಗೆ ಬಂತು. ಮೊದಲರ್ಧದಲ್ಲಿ ಓಡಿದ ದಿಕ್ಕಿಗೇ ಓಡಿದರು. ಅಂದರೆ ನಮ್ಮ ಗೋಲಿನ ಕಡೆಗೆ. ಪೇಟೆಯವರು ಈ ಸಲ ಮನಃಪೂರ್ವಕವಾಗಿ ದಾರಿ ಬಿಟ್ಟರು. ನಮ್ಮವರು ಅಭ್ಯಾಸಬಲದಿಂದ ಬಿಟ್ಟರು. ನಾನು ಗೆರೆಯಾಚೆ ಜೊತೆಯಲ್ಲೇ ಓಡುತ್ತಾ ಕೂಗಿದೆ: "ಸ್ವಾಮಿಯವರ ಗಮನಕ್ಕೆ ಒಂದು ಅರಿಕೆ... ತಾವು ದಯಮಾಡಿ... ದಿಕ್ಕಿನ ವಿಚಾರವಾಗಿ..." ಅರಿಕೆ ಮುಗಿಯುವ ಮೊದಲೇ ಅವರು ಗೋಲಿನ ಮುಂದಿದ್ದರು.

ನಂಜಪ್ಪ ಹಿಡಿಯಬಹುದಿತ್ತು. ಅದಕ್ಕಿಂತ ಹತ್ತು ಪಾಲು ಕಷ್ಟದವನ್ನು ಅವತ್ತು ಹಿಡಿದಿದ್ದ. ಆದರೆ ತಾಲ್ಲೂಕಿನ ಅಮಲ್ದಾರರು ತನ್ನ ಕಡೆಗೇ ನಗುತ್ತಾ ಓಡಿ ಬರುತ್ತಿದ್ದಾರೆ. ಅವನ ಎರಡೂ ಕೈ ಎದೆಯ ಮುಂದೆ ಸೇರಿಕೊಂಡವು. ನಮಸ್ಕಾರದ ಕೆಳಗಿನಿಂದ ಚೆಂಡು ಒಳಗೆ ಹೋಯಿತು.

ಸುಬ್ಬಣ್ಣ ಶೀಲ್ಡು ಎತ್ತಿಕೊಂಡು ಹೋಗುವುದನ್ನು ನೋಡಿ ಅಮಲ್ದಾರರು ನನ್ನ ಕಿವಿಯ ಬಳಿ ಕೇಳಿದರು, "ಗೋಲು ಹೊಡೆದಿದ್ದು ನಾನಲ್ವೇನ್ರಿ?"

"ತಾವೇ, ಸ್ವಾಮಿ."

"ಮತ್ತೆ ಶೀಲ್ಡು ಅವರಿಗ್ಯಾಕೆ?"

"ಆ ಕಡೆ ಹೋದ ಗೋಲು ಅವರಿಗೆ ಸೇರುತ್ತೆ, ಸ್ವಾಮಿ."

ಕಡತಕ್ಕೆ ಷರಾ ಬರೆಯುವವರಂತೆ ತಲೆಯಾಡಿಸಿದರು. "ಹಾಗೋ. ಹೋಗಲಿ ಬಿಡಿ. ಗೋಲು ಚೆನ್ನಾಗಿತ್ತು ತಾನೆ?"

"ಬಹಳ ಚೆನ್ನಾಗಿತ್ತು, ಸ್ವಾಮಿ."

ಸುಳ್ಳಲ್ಲ, ಚೆನ್ನಾಗಿಯೇ ಇತ್ತು.

ನಂಜಪ್ಪನ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಅವನೇ ಕುಂಟುತ್ತಾ ಬಂದ. "ಏನ್ ಮಾಡ್ಲಿ ಸಾಮಿ, ದೊಡ್ಡೋರು ಎದುರಿಗೆ ಬಂದ್ಬುಟ್ರು. ಕೈ ತಾನೇ ಮುಗೀತು" ಎಂದ. ಆಮೇಲೆ ನನ್ನ ಮುಖ ನೋಡಿ, "ಅವತ್ತು ನಿಮ್ ತಟ್ಟೆ, ಇವತ್ತು ನನ್ ಕೈ. ಬುಡಿ" ಎಂದು ನಕ್ಕ. ನದಿಯ ಮೇಲಿನ ಗಾಳಿ, ಕೆದರಿದ ಧೂಳು, ಅವನ ಆ ನಗು, ಇಷ್ಟು ವರ್ಷದ ಮೇಲೂ ಯಾವುದೂ ಮಾಸಿಲ್ಲ.

ಮಾರನೆಯ ವರ್ಷ ಅಮಲ್ದಾರರಿಗೆ ಅರಕಲಗೂಡಿಗೆ ವರ್ಗವಾಯಿತು. ಹಳದಿ ಅಂಗಿಯನ್ನು ಅವರು ಜೊತೆಯಲ್ಲೇ ತೆಗೆದುಕೊಂಡು ಹೋದರು. ಮೊದಲ ವೀಳ್ಯದ ಹಕ್ಕು ಮತ್ತೆ ಕೋಟೆಗೇ ಬಂತು. ನಂಜಪ್ಪ ಆ ವರ್ಷವೂ ಗೋಲಿಗೆ ನಿಂತ.